ಎಲ್ಲರೂ ತಪ್ಪಿದರೆ ಅದು ಸ್ಟೆಪ್ಪು

ನಾಯಕತ್ವದ ಗುಣ ನನ್ನಲ್ಲಿಲ್ಲ ಎಂಬುದು ನನಗೆ ಬುದ್ಧಿ ಬಂದಾಗಿನಿಂದಲೂ ಗೊತ್ತು. ಆದರೆ ನಮಗೆ ನಾವೇ ತಿಳಿದುಕೊಳ್ಳುವುದು ಬೇರೆ, ಎದುರಿಗೆ ಕೂರಿಸಿ ಕಾಫಿ ಕೊಟ್ಟು ಇನ್ನೊಬ್ಬರು ತಿಳಿಸುವುದು ಬೇರೆ. ಕೆಲವರು ರಸ್ತೆಯಲ್ಲಿ ಸುಮ್ಮನೆ ನಡೆದು ಹೋಗುತ್ತಿದ್ದರೂ ಹಿಂದೆ ನಾಲ್ಕು ಜನ ಸೇರಿಕೊಳ್ಳುತ್ತಾರೆ. ನಾನು ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಹೆಂಡತಿ ಮಕ್ಕಳಿಗೆ 'ಬನ್ನಿ, ಈ ಕಡೆ' ಎಂದು ಗತ್ತಿನಿಂದ ಮುಂದೆ ನಡೆದು, ಸ್ವಲ್ಪ ದೂರ ಹೋಗಿ ತಿರುಗಿದರೆ, ಅವರೆಲ್ಲ ಬೇರೊಂದು ಬಸ್ಸಿನಲ್ಲಿ ಸೀಟು ಹಿಡಿದು ಕಿಟಕಿಯಿಂದ ನನ್ನನ್ನೇ ಕರೆಯುತ್ತಿರುತ್ತಾರೆ. ಅದೇ ಸರಿಯಾದ ಬಸ್ಸಾಗಿರುತ್ತದೆ ಎನ್ನುವುದು ಇನ್ನೂ ಅವಮಾನದ ವಿಷಯ. ಆಲಸನತ್ತಂನ ನಮ್ಮ ಬೀದಿಯ ನಾಯಿ ಕೂಡ ನಾನು ಕೊಟ್ಟ ಬಿಸ್ಕತ್ತು ತಿಂದು ಹಾಲಿನವನ ಹಿಂದೆ ಹೋಗುತ್ತದೆ. ಜವಳಗಿರಿಯಲ್ಲಿರುವ ನನ್ನ ಸೋದರಮಾವ ಆನೆಗಳ ವಿಷಯದಲ್ಲಿ ತಾನೇ ಒಂದು ಇಲಾಖೆಯೆಂದು ತಿಳಿದುಕೊಂಡಿರುವ ಮನುಷ್ಯ. ಹಿಂಡಿನ ಮುದಿ ಹೆಣ್ಣಾನೆ ಯಾವ ರಾಗಿ ಹೊಲಕ್ಕೆ ತಿರುಗುತ್ತದೋ ಮಿಕ್ಕವೆಲ್ಲ ಅದೇ ಹೊಲಕ್ಕೆ ತಿರುಗುತ್ತವೆ ಎಂದು ಆತ ಒಮ್ಮೆ ವರ್ಣಿಸುತ್ತಿದ್ದಾಗ, 'ಅದಕ್ಕೆ ಯಾರು ಮಾವ ಟ್ರೇನಿಂಗ್ ಕೊಟ್ಟೋರು?' ಎಂದು ಕೇಳಿದೆ. 'ಅದು ಹುಟ್ತಾನೇ ಬರ್ಬೇಕ್ ಕಣ್ಲಾ. ನಿನ್ ಮಕಕ್ಕೆ ಬರಾಕಿಲ್ಲ, ಬುಡು' ಎಂದ.

ಇಷ್ಟಾದರೂ ನಾನು ನೆಮ್ಮದಿಯಾಗಿಯೇ ಇದ್ದೆ. ಮತ್ತಿಗಿರಿಯ ಆಚೆ, ಸ್ಕೂಟರು ಬೈಕುಗಳಿಗೆ ಹಿಂದಿನ ರಸ್ತೆ ಕಾಣಿಸುವ ಕನ್ನಡಿಗಳನ್ನು ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ನಮ್ಮ ಸೆಕ್ಷನ್ ಹೆಡ್ ನಿವೃತ್ತರಾದ ಮೇಲೆ ಅವರ ಕುರ್ಚಿಯನ್ನು ತಾತ್ಕಾಲಿಕವಾಗಿ ನಾನೇ ಕಾಯುತ್ತಿದ್ದೆ. ಖಾಯಂ ಮಾಡುವ ಸಮಯ ಬಂದಾಗ ಎರಡು ಹೆಸರುಗಳು ಮುಂದೆ ಬಂದವು. ಒಂದು ನನ್ನದು. ಇನ್ನೊಂದು ಪಕ್ಕದ ಲೈನಿನ ಸೂಪರ್‌ವೈಸರ್ ಮುರಳಿಯದು. ಈ ಮುರಳಿ ಬೇರೆ ಯಾರೂ ಅಲ್ಲ, ನನ್ನ ಹೆಂಡತಿ ಸರೋಜಳ ಸ್ವಂತ ತಮ್ಮ. ಅವನನ್ನು ಈ ಕಾರ್ಖಾನೆಗೆ ಸೇರಿಸಿದವನೂ ನಾನೇ. ಬಾಮೈದನ ಕೈಕೆಳಗೆ ಕೆಲಸ ಮಾಡುವುದೆಂದರೆ ಏನೆಂದು ಮದುವೆಯಾದ ಗಂಡಸರಿಗೆ ವಿವರಿಸಬೇಕಾಗಿಲ್ಲ. ಹಗಲೆಲ್ಲ ತಮ್ಮನಿಂದ ಹೇಳಿಸಿಕೊಂಡು, ಮನೆಗೆ ಬಂದು ಅಕ್ಕನಿಂದ ಹೇಳಿಸಿಕೊಳ್ಳುವ ಬಾಳು ಅದು. ಏನಾದರೂ ಆಗಲಿ, ಅದೊಂದು ಆಗಬಾರದು ಎಂದು ನಾನು ಪಣ ತೊಟ್ಟೆ. ಅಂಥ ಹೊತ್ತಿನಲ್ಲೇ ನಮ್ಮ ಎಚ್.ಆರ್. ವಿಭಾಗದ ಶ್ವೇತಾ ಮೇಡಂ ನನ್ನನ್ನು ಕರೆದು ಕಾಫಿ ತರಿಸಿದ್ದು. 'ಸಾರ್, ನಿಮ್ಮ ಅನುಭವಕ್ಕೆ ಎರಡು ಮಾತಿಲ್ಲ. ಆದರೆ ಲೀಡರ್‌ಶಿಪ್ ಸ್ವಲ್ಪ ಕಮ್ಮಿ' ಎಂದರು, ಸಾರಿಗೆ ಉಪ್ಪು ಕಮ್ಮಿ ಎನ್ನುವಷ್ಟು ಸಹಜವಾಗಿ.

ಪರಿಹಾರವನ್ನೂ ಅವರೇ ಹೇಳಿದರು. ಮ್ಯಾನೇಜ್‌ಮೆಂಟಿನವರಿಗೆ ಕ್ರಿಕೆಟ್ ಆಟಗಾರರ ಉಪನ್ಯಾಸಗಳು ಸಾಕಾಗಿದ್ದವಂತೆ. ವೃತ್ತಿಪರ ನೃತ್ಯಗಾರರ ಬದುಕಿನಿಂದ ನಾಯಕತ್ವ ಕಲಿಯುವುದು ಈಗಿನ ಹೊಸ ವಿಧಾನವಂತೆ. ಬೆಂಗಳೂರಿನ ದೊಡ್ಡ ದೊಡ್ಡ ನರ್ತಕಿಯರಿಗೆ ಪುರುಸೊತ್ತಿರಲಿಲ್ಲ. ನನಗೋ ಮುರಳಿಗಿಂತ ಮುಂಚೆ ಏನಾದರೂ ಒಂದು ಮಾಡಿ ತೋರಿಸುವ ಆತುರ. 'ನಮ್ಮ ಮೋಹನಾ ಮಾಸ್ಟರ್ ಇದ್ದಾರಲ್ಲ ಮೇಡಂ' ಎಂದುಬಿಟ್ಟೆ. ಮೋಹನಾ ಮಾಸ್ಟರ್ ಹೆಂಗಸು. ಆದರೆ ಸಿನಿಮಾದಲ್ಲಿ ಕುಣಿತ ಹೇಳಿಕೊಡುವವರೆಲ್ಲ ಮಾಸ್ಟರೇ. ತಳಿ ಕಡೆಯ ಹಳ್ಳಿಯಿಂದ ಹೋಗಿ ಚೆನ್ನೈಯ ಸ್ಟುಡಿಯೋಗಳಲ್ಲಿ ಗುಂಪಿನ ಕುಣಿತದಲ್ಲೇ ಆಯುಷ್ಯ ಸವೆಸಿ, ಈಗ ಮತ್ತಿಗಿರಿಯಲ್ಲಿ ಒಂದು ದಿನಸಿ ಅಂಗಡಿಯ ಮಹಡಿಯ ಮೇಲೆ ಶಾಲಾ ವಾರ್ಷಿಕೋತ್ಸವಗಳಿಗೆ ಮಕ್ಕಳನ್ನೂ, ತೂಕ ಇಳಿಸಲು ಅವರ ತಾಯಂದಿರನ್ನೂ ಕುಣಿಸುತ್ತಾರೆ. ನಾನು ಹೋಗಿ ಕೇಳಿದಾಗ, 'ಫ್ಯಾಕ್ಟ್ರೀಲಿ ಹೀರೋ ಯಾರ್ ಸಾರ್?' ಎಂದು ವಿಚಾರಿಸಿದರು. ಹೀರೋ ಇಲ್ಲ, ಎಲ್ಲರೂ ಗುಂಪಿನವರೇ ಎಂದೆ. 'ಹಂಗಾದ್ರೆ ಸರಿ, ಬತ್ತೀನಿ. ಹೀರೋ ಇದ್ರೆ ರೊಂಬ ಕಷ್ಟ' ಎಂದು ಒಪ್ಪಿಕೊಂಡರು.

ತರಬೇತಿಯ ಹಾಲಿನಲ್ಲಿ ಕುರ್ಚಿಗಳನ್ನು ಗೋಡೆಗೆ ಒರಗಿಸಿ, ನಮ್ಮ ಲೈನಿನ ಗಂಡಸರು ಹೆಂಗಸರೆಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದಾಯಿತು. ನಾಯಕನೊಬ್ಬನೇ ಕಲಿತರೆ ಸಾಲದು, ಹಿಂಬಾಲಿಸುವವರೂ ಕಲಿಯಬೇಕು ಎನ್ನುವುದು ಶ್ವೇತಾ ಮೇಡಂ ಸಿದ್ಧಾಂತ. ಮುರಳಿ ಮಾತ್ರ, 'ನಂಗೆ ಲೋಡ್ ಐತೆ ಭಾವ, ಆಮೇಲ್ ನೋಡಾನ' ಎಂದು ತಪ್ಪಿಸಿಕೊಂಡ. ನನಗೆ ಒಳಗೊಳಗೇ ಖುಷಿ. ಮಾಸ್ಟರ್ ಹತ್ತಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದರು. 'ನಿಮ್ಮ ವೃತ್ತಿಜೀವನ ನಿಮಗೆ ಕಲಿಸಿದ ನಾಯಕತ್ವದ ಪಾಠಗಳೇನು?' ಎಂದು ಮೇಡಂ ಭಕ್ತಿಯಿಂದ ಕೇಳಿದರು. 'ನಂಗ್ಯಾವ್ ನಾಯಕತ್ವ ಕಣಮ್ಮ? ಜೀವ್ಮಾನೆಲ್ಲ ಹೀರೋಯಿನ್ ಹಿಂದ್ಗಡೆ ಕುಣ್ದೋಳು. ಹಿಂದ್ಗಡೆ ನಿಂತ್ರೆ ಮುಂದಿರೋರ್ ಬಂಡವಾಳ ಗೊತ್ತಾಗ್ತದೆ, ಅಷ್ಟೇಯ' ಎಂದರು ಮಾಸ್ಟರ್. ಮೇಡಂ ಇದನ್ನು ಬಹಳ ಆಳವಾದ ಮಾತೆಂದು ಬಗೆದು ಎರಡು ಸಲ ತಲೆದೂಗಿದರು.

ಅಲ್ಲಿಂದ ಪಾಠ ಶುರು. ಅಲ್ಲಿಯವರೆಗೆ 'ಸಾರ್' ಆಗಿದ್ದ ನಾನು ಸಾಲಿನಲ್ಲಿ ನಿಂತ ಕೂಡಲೇ 'ಏನ್ಲಾ' ಆದೆ. 'ಏನ್ಲಾ ಅದು, ಬಸ್ಗೆ ಕಾಯೋನ್ ಹಂಗ್ ನಿಂತಿದ್ದೀಯ? ಎದೆ ಎತ್ಲಾ!' ನನ್ನ ಕೈಕೆಳಗಿನವರೆಲ್ಲ ಇದನ್ನು ಕೇಳಿ ಪರಮಾನಂದಪಟ್ಟರು. ಮೊದಲ ಪಾಠ, ಕಾಲು ಉಳುಕಿದರೂ ಹಲ್ಲು ಕಾಣುತ್ತಿರಬೇಕು. ಇನ್ನೊಂದು, ಏನು ಶುರು ಮಾಡುವುದಿದ್ದರೂ 'ಫೈವ್, ಸಿಕ್ಸ್, ಸೆವೆನ್, ಎಯ್ಟ್' ಎನ್ನಬೇಕು. ಒಂದರಿಂದ ನಾಲ್ಕು ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ, 'ಅದು ಮಾಸ್ಟರ್ ಮನ್ಸಲ್ಲೇ ಎಣ್ಸ್ಕೊಳ್ಳೋದು. ನಿಂಗ್ಯಾಕ್ಲಾ?' ಎಂಬ ಉತ್ತರ ಬಂತು. ಮೂರು ಭಾಷೆ ಕೂಡುವ ಗಡಿಯ ನಮ್ಮ ಊರಿಗೆ ಇದು ಹೇಳಿ ಮಾಡಿಸಿದಂತಿತ್ತು ಎನ್ನಬೇಕು. ನಮ್ಮ ಲೈನಿನಲ್ಲಿ ಒಂದು ಮಾತನ್ನು ಕನ್ನಡದಲ್ಲಿ ಹೇಳಿ, ತಮಿಳಿನಲ್ಲಿ ಬಿಡಿಸಿ, ತೆಲುಗಿನಲ್ಲಿ ಬೈದರೆ ಮಾತ್ರ ಕೆಲಸ ಮುಂದೆ ಸಾಗುತ್ತಿತ್ತು. ಈಗ ಆ ನಾಲ್ಕು ಅಂಕಿಗಳು ಎಲ್ಲರಿಗೂ ಸಾಕಾದವು. ನಾನು ಮನೆಯಲ್ಲೂ ಒಮ್ಮೆ ಮಕ್ಕಳನ್ನು ಏಳಿಸಲು 'ಫೈವ್, ಸಿಕ್ಸ್' ಎಂದು ನೋಡಿದೆ. ಸರೋಜ ಅಡುಗೆಮನೆಯಿಂದ, 'ಸಿಲಿಂಡರ್ ಬದಲಾಯಿಸಬೇಕು, ಸೆವೆನ್ ಎಯ್ಟ್ ಇಲ್ಲಿ ಬಂದು ಹೇಳಿ' ಎಂದಳು.

ಮಾಸ್ಟರ್ ಎಲ್ಲಕ್ಕಿಂತ ಒತ್ತಿ ಹೇಳಿದ್ದು ಎರಡು ವಿಷಯ. 'ನಾನು ನಿಮ್ ಎದ್ರುಗ್ ನಿಂತಾಗ ಯಾವ್ ಕಡೆ ಕೈ ಹೋಗ್ತದೋ ನಿಮ್ದೂ ಆ ಕಡೀಕೇ ಹೋಗ್ಬೇಕು, ಕನ್ನಡೀಲಿ ನೋಡ್ದಂಗೆ. ನಾನು ಎಡಗೈ ಎತ್ತಿದ್ರೆ ನೀವು ಬಲಗೈ. ಎಡಾನಾ ಬಲಾನಾ ಅಂತ ಯೋಚ್ನೆ ಮಾಡ್ದೋನು ಹಿಂದುಕ್ ಬಿದ್ದ ಅಂತಾನೇ ಲೆಕ್ಕ.' ಇದನ್ನು ನಮ್ಮವರು ಎಷ್ಟು ರೂಢಿ ಮಾಡಿಕೊಂಡರೆಂದರೆ, ಕ್ಯಾಂಟೀನಿನಲ್ಲಿ ನಾನು ಎದುರಿಗೆ ಕೂತು ಬಲಗೈಯಲ್ಲಿ ಮುದ್ದೆ ಮುರಿದರೆ ಅವರ ಎಡಗೈ ತಟ್ಟೆಗೆ ಹೋಗಿ ನಾಚಿಕೊಂಡು ವಾಪಸ್ಸಾಗುತ್ತಿತ್ತು. ಎರಡನೆಯದು ತಪ್ಪಿನ ವಿಚಾರ. ಮಾಸ್ಟರ್ ಕುಣಿಯುತ್ತಿದ್ದ ಯಾವುದೋ ಹಾಡಿನಲ್ಲಿ ಮುಂದಿದ್ದ ಹುಡುಗಿ ಬಂಡೆಯ ಮೇಲೆ ಜಾರಿ ಸೊಂಟ ಹಿಡಿದುಕೊಂಡಳಂತೆ. ಹಿಂದಿದ್ದ ಇಪ್ಪತ್ತು ಹುಡುಗಿಯರೂ ತಕ್ಷಣ ಜಾರಿ ಸೊಂಟ ಹಿಡಿದುಕೊಂಡರಂತೆ. ನಿರ್ದೇಶಕರು ಅದನ್ನೇ ಇಟ್ಟುಕೊಂಡು, ಪಿಚ್ಚರು ಓಡಿ, ಊರೂರಿನ ಮಕ್ಕಳು ಶಾಲೆಯಲ್ಲಿ ಸೊಂಟ ಹಿಡಿದುಕೊಂಡು ಕುಣಿದರಂತೆ. 'ತಿಳ್ಕೊಳ್ಳಿ. ಒಬ್ಳು ತಪ್ಪಿದ್ರೆ ಅದು ತಪ್ಪು. ಎಲ್ರೂ ತಪ್ಪಿದ್ರೆ ಅದು ಸ್ಟೆಪ್ಪು!' ಎಂದು ಮಾಸ್ಟರ್ ಕೈತಟ್ಟಿದರು. ಲೈನಿನ ಮಂಜುಳಾ ಎಂಬ ಹೆಂಗಸು ನನ್ನ ಕಡೆ ತಿರುಗಿ, 'ಇಷ್ಟು ಚೆಂದಾಗ್ ನಮ್ಗ್ಯಾರೂ ಹೇಳ್ಕೊಟ್ಟಿರ್ಲಿಲ್ಲ ಸಾರ್' ಎಂದು ಕಣ್ಣೊರೆಸಿಕೊಂಡಳು.

ಪರೀಕ್ಷೆಯ ದಿನ ಬಂತು. ನಮ್ಮಿಂದ ಕನ್ನಡಿ ಕೊಳ್ಳುವ ಬೈಕ್ ಕಂಪನಿಯವರು ಹೊಸ ಮಾಡೆಲ್ಲಿನ ಕೆಲಸ ನೋಡಲು ಬರುವವರಿದ್ದರು. ಅವರೆದುರು ಲೈನನ್ನು ಹೇಗೆ ನಡೆಸುತ್ತೇನೋ ಅದರ ಮೇಲೆ ನಾನು ಖಾಯಂ ಆಗುವುದು ನಿಂತಿತ್ತು. ಹೊಸ ಮಾಡೆಲ್ಲಿನ ಎಡಗನ್ನಡಿ ಬಲಗನ್ನಡಿಗಳೋ ಅವಳಿ ಜವಳಿ ಇದ್ದಂತೆ. ಕಡ್ಡಿಯ ಬಾಗು ಯಾವ ಕಡೆಗಿದೆ ಎಂದು ನೋಡಿಯೇ ತಿಳಿಯಬೇಕು. ಎಡದ್ದು ಎಡಗಡೆಯ ಟ್ರೇಗೆ, ಬಲದ್ದು ಬಲಗಡೆಯ ಟ್ರೇಗೆ, ಅಲ್ಲಿಂದ ಪೆಟ್ಟಿಗೆಗೆ, ಪೆಟ್ಟಿಗೆಯ ಮೇಲೆ ಸ್ಟಿಕರ್. ಒಬ್ಬರು ಕಮ್ಮಿ ಇದ್ದರೆಂದು ಕೊನೆಯ ಮೇಜಿಗೆ ಮುರಳಿಯೇ ಬಂದು ನಿಂತ. ಒಳ್ಳೆಯ ಮಾಸ್ಟರ್ ಬಾಯಿ ಮಾಡುವುದಿಲ್ಲ, ಕೈಯಲ್ಲೇ ಹೇಳುತ್ತಾನೆ ಎಂಬ ಪಾಠವನ್ನು ನೆನೆದು, ನಾನು ಅತಿಥಿಗಳ ಮುಂದೆ ಎದೆ ಎತ್ತಿ ಲೈನಿಗೆ ಎದುರಾಗಿ ನಿಂತೆ. ಬಲಗನ್ನಡಿಯನ್ನು ಬಲಗೈಯಲ್ಲಿ ಎತ್ತಿ ತೋರಿಸಿ ನನ್ನ ಬಲಗಡೆಯ ಟ್ರೇಗೆ ಇಟ್ಟೆ. ಎಡದ್ದನ್ನು ಎಡಗಡೆಗೆ. 'ಫೈವ್, ಸಿಕ್ಸ್, ಸೆವೆನ್, ಎಯ್ಟ್!'

ಲೈನು ಹೊರಟಿತು ನೋಡಿ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಅಂಥದ್ದನ್ನು ಕಂಡಿರಲಿಲ್ಲ. ಎಲ್ಲ ಕೈಗಳೂ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ಎಲ್ಲರ ಹಲ್ಲುಗಳೂ ಕಾಣುತ್ತಿದ್ದವು. ಅತಿಥಿಗಳು ಮೊಬೈಲ್ ತೆಗೆದು ವಿಡಿಯೋ ಮಾಡಿಕೊಂಡರು. ಆನೆಯ ಹಿಂಡು ನನ್ನ ಹಿಂದೆ ಬರುತ್ತಿದೆ ಮಾವ ಎಂದು ಮನಸ್ಸಿನಲ್ಲೇ ಕೂಗಿದೆ. ಕೊನೆಯ ಮೇಜಿನಲ್ಲಿ ಮುರಳಿ ಮಾತ್ರ ಮುಖ ಗಂಟಿಕ್ಕಿಕೊಂಡು, ಕೈ ಬೀಸಿ ನನಗೇನೋ ಸನ್ನೆ ಮಾಡುತ್ತಿದ್ದ. ಹೊಟ್ಟೆಕಿಚ್ಚು ಎಂದುಕೊಂಡೆ.

ಅತಿಥಿಗಳಲ್ಲಿ ಹಿರಿಯರೊಬ್ಬರು ಲೈನಿನ ಮೊದಲ ಪೆಟ್ಟಿಗೆಗಳಿಂದ ಒಂದು ಜೊತೆ ಕನ್ನಡಿ ತೆಗೆಸಿ, ಅಂಗಳದಲ್ಲಿದ್ದ ಬೈಕಿಗೆ ಹಾಕಿಸಿ, ಹತ್ತಿ ಕೂತರು. ಕನ್ನಡಿಗಳನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ, 'ಇದರಲ್ಲಿ ನನ್ನ ಕಿವಿ ಕಾಣಿಸುತ್ತಿದೆ' ಎಂದರು. ಮುಂದಿನ ಮೇಜುಗಳ ಹತ್ತಾರು ಪೆಟ್ಟಿಗೆಗಳನ್ನು ಬಿಚ್ಚಿಸಿದರೆ ಬಲದ ಸ್ಟಿಕರಿನ ಒಳಗೆಲ್ಲ ಎಡದವು, ಎಡದ ಸ್ಟಿಕರಿನ ಒಳಗೆಲ್ಲ ಬಲದವು. ಎದುರಿಗೆ ನಿಂತ ನನ್ನ ಬಲವನ್ನು ನಮ್ಮವರು ಕಲಿತ ಪಾಠದಂತೆ ತಮ್ಮ ಎಡ ಮಾಡಿಕೊಂಡಿದ್ದರು. ಒಬ್ಬಿಬ್ಬರಿಗೆ ಅನುಮಾನವೇನೋ ಬಂದಿತ್ತಂತೆ. ಅಕ್ಕಪಕ್ಕ ನೋಡಿ, ಎಲ್ಲರೂ ಹಾಗೇ ಮಾಡುತ್ತಿದ್ದುದರಿಂದ ಇದು ಸ್ಟೆಪ್ಪೇ ಇರಬೇಕೆಂದು ಸುಮ್ಮನಾದರಂತೆ. 'ಯಾರು ಮಾಡಿದ್ದು?' ಎಂದು ನಮ್ಮ ಜನರಲ್ ಮ್ಯಾನೇಜರ್ ಗುಡುಗಿದರು. ಇಡೀ ಲೈನು ನಗುನಗುತ್ತಾ ಒಂದು ಹೆಜ್ಜೆ ಮುಂದೆ ಬಂತು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಮುರಳಿಯ ಮುಂದೆ ಕೈಕಟ್ಟಿ ನಿಂತಂತೆ ಆಗಲೇ ಕಣ್ಣಿಗೆ ಕಟ್ಟಿತು.

ಆದರೆ ಆ ಹಿರಿಯರು ಕೈ ಎತ್ತಿ ಎಲ್ಲರನ್ನೂ ತಡೆದರು. 'ಅರ್ಧ ಸರಿ ಅರ್ಧ ತಪ್ಪಾಗಿದ್ದರೆ ಒಂದೊಂದನ್ನೂ ಬಿಚ್ಚಿ ನೋಡಬೇಕಾಗಿತ್ತು. ಇಲ್ಲಿ ಒಂದೂ ಬಿಡದೆ ಎಲ್ಲವೂ ತಪ್ಪು. ಸ್ಟಿಕರ್ ಅದಲುಬದಲು ಮಾಡಿದರೆ ಮುಗಿಯಿತು. ಇಂಥ ಶಿಸ್ತನ್ನು ನಾನೆಲ್ಲೂ ನೋಡಿಲ್ಲ!' ಎಂದರು. ಹಾಗೆಯೇ ಮಾಡಿದರು. ಊಟದ ಹೊತ್ತಿಗೆ ಎಲ್ಲ ಪೆಟ್ಟಿಗೆಗಳೂ ಸರಿಯಾದವು, ಮುರಳಿಯವನ್ನು ಬಿಟ್ಟು. ಪಾಠಕ್ಕೆ ಬಾರದ ಆ ಪ್ರಾಣಿ ತನ್ನ ಬುದ್ಧಿಯಿಂದ ಎಲ್ಲವನ್ನೂ ಸರಿಯಾಗಿ ಜೋಡಿಸಿದ್ದ. ಸ್ಟಿಕರ್ ಬದಲಿಸಿದ ಮೇಲೆ ಅವು ಮಾತ್ರ ತಪ್ಪಾದವು. ಅವನ್ನು ಹುಡುಕಿ ಬಿಚ್ಚುವಷ್ಟರಲ್ಲಿ ಸಂಜೆಯಾಯಿತು. ತಂಡದೊಂದಿಗೆ ಹೊಂದಿಕೊಳ್ಳುವುದಿಲ್ಲ ಎಂದು ಅವನಿಗೆ ಮೆಮೊ ಸಿಕ್ಕಿತು. ನನಗೆ ಸೆಕ್ಷನ್ ಹೆಡ್ ಹುದ್ದೆ ಸಿಕ್ಕಿತು. ಅಷ್ಟು ಜನರಿಂದ ಒಬ್ಬರೂ ಬಾಯಿ ಬಿಡದಂತೆ ತಪ್ಪು ಮಾಡಿಸುವುದು ಸಾಮಾನ್ಯ ನಾಯಕತ್ವವಲ್ಲ ಎಂದು ಜನರಲ್ ಮ್ಯಾನೇಜರ್ ಸಭೆಯಲ್ಲಿ ಹೇಳಿದರು.

ಮೈಸೂರುಪಾಕು ಹಿಡಿದು ಮನೆಗೆ ಹೋದೆ. ಸರೋಜ ಡಬ್ಬಿಯನ್ನು ಮುಟ್ಟಲಿಲ್ಲ. ಮುರಳಿ ಆಗಲೇ ಫೋನ್ ಮಾಡಿದ್ದ. 'ಸರಿ ಮಾಡಿದೋನಿಗೆ ಮೆಮೊ, ತಪ್ಪು ಮಾಡಿಸಿದೋರಿಗೆ ಪ್ರಮೋಷನ್ನು. ಇದು ಯಾವ ಸ್ಟೆಪ್ಪು ಅಂತ ನಿಮ್ ಮಾಸ್ಟರ್‌ನೇ ಕೇಳ್ಕೊಂಡ್ ಬನ್ನಿ' ಎಂದು ತಟ್ಟೆ ಕುಕ್ಕಿದಳು. ನನಗೂ ಊಟ ಸೇರಲಿಲ್ಲ. ಹುಡುಗ ಸನ್ನೆ ಮಾಡಿದ್ದು ಹೊಟ್ಟೆಕಿಚ್ಚಿನಿಂದಲ್ಲ, ನನ್ನನ್ನು ಉಳಿಸಲು ಎಂಬುದು ಎದೆಯಲ್ಲಿ ಚುಚ್ಚುತ್ತಿತ್ತು. ಮಾರನೆಯ ದಿನ ಜನರಲ್ ಮ್ಯಾನೇಜರ್ ಕೈಕಾಲು ಹಿಡಿದು ಮೆಮೊ ವಾಪಸ್ಸು ತೆಗೆಸಿ, ಮೋಹನಾ ಮಾಸ್ಟರ್ ಬಳಿಗೆ ಹೋದೆ. ಅವರು ಎಲ್ಲ ಕೇಳಿ ನಕ್ಕರು. 'ಅಯ್ಯೋ ಹುಚ್ಚಪ್ಪ, ಯಾವ್ ಮಾಸ್ಟರ್‌ಗ್ಲಾ ತಾನು ಮಾಡಿದ್ದು ಸರಿಯಾ ತಪ್ಪಾ ಗೊತ್ತಾಗ್ತದೆ? ಅದ್ಕೇ ಒಬ್ಬ ಅಸಿಸ್ಟೆಂಟ್ನ ಮೂಲೇಲಿ ನಿಲ್ಲಿಸ್ಕೊಳ್ಳೋದು. ಎಲ್ರೂ ಮಾಸ್ಟರ್‌ನ ನೋಡ್ತಾರೆ, ಮಾಸ್ಟರ್ ಅಸಿಸ್ಟೆಂಟ್ ಮಕ ನೋಡ್ತಾನೆ. ಪಿಚ್ಚರ್ನಾಗೆ ಹೆಸ್ರು ಬರೋದು ಮಾಸ್ಟರ್ದು. ನಾನು ಎಷ್ಟೋ ವರ್ಷ ಆ ಮಕ ಆಗಿದ್ದೆ ಕಣ್ಲಾ.'

ಈಗ ನಮ್ಮ ಸೆಕ್ಷನ್ನು ಹೀಗೆ ನಡೆಯುತ್ತಿದೆ. ಲೈನಿನವರು ನನ್ನನ್ನು ನೋಡುತ್ತಾರೆ. ನಾನು ಅವರ ತಲೆಗಳ ಮೇಲಿಂದ ಕೊನೆಯ ಮೇಜಿನಲ್ಲಿರುವ ಮುರಳಿಯ ಮುಖ ನೋಡುತ್ತೇನೆ. ಅವನು ಹುಬ್ಬು ಗಂಟಿಕ್ಕಿದರೆ ಎತ್ತಿದ ಕೈ ಇಳಿಸಿ ಇನ್ನೊಂದನ್ನು ಎತ್ತುತ್ತೇನೆ. ಕುರ್ಚಿ ನನ್ನದು, ಬಾಗಿಲ ಮೇಲಿನ ಹೆಸರು ನನ್ನದು, ಹುಬ್ಬು ಅವನದು. ಮೊನ್ನೆ ಸರೋಜಳ ತವರಿನಲ್ಲಿ ನಾಮಕರಣ. ಹೋಗಬೇಕೆಂದು ಆಸೆಪಟ್ಟೆ. ರಜ ಮಂಜೂರು ಮಾಡುವ ಅಧಿಕಾರ ನನ್ನದೇ ಆದರೂ ರೂಢಿಯಂತೆ ಮುರಳಿಯ ಕಡೆ ನೋಡಿದೆ. 'ಬ್ಯಾಡ ಭಾವ, ಲೋಡ್ ಐತೆ. ಇಬ್ರಲ್ಲಿ ಒಬ್ರು ಇರ್ಬೇಕು' ಎಂದ. ಅವನ ರಜಕ್ಕೆ ನಾನು ಸಹಿ ಹಾಕಿದೆ. ಅಕ್ಕ ತಮ್ಮ ಇಬ್ಬರೂ ನಗುತ್ತಾ ಬೈಕಿನಲ್ಲಿ ಹೋದರು. ಆ ದಿನ ಕೊನೆಯ ಮೇಜು ಖಾಲಿ. ನೋಡಲು ಮುಖವಿಲ್ಲದೆ, ಕೈ ಎತ್ತಿದರೆ ಏನಾಗಿಬಿಡುತ್ತದೋ ಎಂದು ಹೆದರಿ, ಎರಡೂ ಕೈಗಳನ್ನು ಕಾರ್ಖಾನೆಯ ಯೂನಿಫಾರಂ ಕೋಟಿನ ಜೇಬಿನಲ್ಲಿಟ್ಟುಕೊಂಡು ಸುಮ್ಮನೆ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಕಣ್ಣೆತ್ತಿ ನೋಡುತ್ತೇನೆ, ಇಡೀ ಲೈನು ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು, ಹಲ್ಲು ಕಾಣುವಂತೆ ನಗುತ್ತಾ ನನ್ನನ್ನೇ ನೋಡುತ್ತಾ ನಿಂತಿದೆ.