ಮುಳುಗಲೊಲ್ಲದ ಸೋಮವಾರ

ನನ್ನ ಹೆಂಡತಿ ರಂಭಾಬಾಯಿಗೆ ಗಡಿಯಾರ ನೋಡಲು ಬರುವುದಿಲ್ಲ ಎಂದು ನಾನು ಹದಿನೆಂಟು ವರ್ಷ ನಂಬಿದ್ದೆ. ನಂಬಿ ಸುಮ್ಮನಿರದೆ, ಉಮರ್ಗಾ ಕಚೇರಿಯ ವಕೀಲರ ಕೋಣೆಯಲ್ಲಿ ನಾಲ್ಕು ಜನರೆದುರು ಹೇಳಿಯೂ ಇದ್ದೆ. ಮುಳ್ಳು ಎರಡೇಕಿವೆ ಎಂಬುದೂ ಆಕೆಗೆ ತಿಳಿಯದು ಎಂದು ನಾನು ಹೇಳಿದಾಗ ನಕ್ಕವರೆಲ್ಲ ಈಗ ನನ್ನನ್ನು ನೋಡಿ ನಗುತ್ತಾರೆ. ಅದರ ಕಾರಣವನ್ನು ಅವರು ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಲೇಸು.

ನಿಜಾಮರ ಲೆಕ್ಕದ ಫಸಲಿ ೧೩೧೯, ಅಂದರೆ ಇಂಗ್ಲಿಷಿನ ೧೯೧೦ರ ಬೇಸಿಗೆ. ಉದಗೀರ ಕಡೆಯ ಜಾಗೀರದಾರರೊಬ್ಬರು ವಿಲಾಯತಿಗೆ ಹೊರಟಿದ್ದರು. ಅಲ್ಲಿಂದ ಮುಂದೆ ನಾರ್ವೆ ಎಂಬ ದೇಶದ ಗುಡ್ಡ, ಸಮುದ್ರ ನೋಡಲೆಂದು ಹಡಗಿನಲ್ಲಿ ಎರಡು ಜಾಗ ಹಿಡಿಸಿದ್ದರು. ಅಷ್ಟರಲ್ಲಿ ಬೇಗಂ ಸಾಹೇಬರು ಸಮುದ್ರದ ಮೇಲೆ ತಲೆ ತಿರುಗುತ್ತದಂತೆ ಎಂದು ಕೇಳಿ, ಉದಗೀರದಲ್ಲೇ ತಲೆ ತಿರುಗಿಸಿಕೊಂಡು ಮಲಗಿಬಿಟ್ಟರು. ಜಾಗೀರದಾರರ ಸರಹದ್ದಿನ ದಾವೆಯನ್ನು ನಾನು ಆಗಷ್ಟೇ ಗೆದ್ದುಕೊಟ್ಟಿದ್ದೆ. ಆ ಖುಷಿಯಲ್ಲಿ ಟಿಕೆಟ್ಟುಗಳನ್ನು ನನ್ನ ಕೈಗಿಟ್ಟು, ವಕೀಲ ಸಾಹೇಬರೇ ಹೋಗಿ ಬನ್ನಿ ಎಂದರು. ಹೀಗೆ ಗುಂಜೋಟಿಯ ಮನ್ಮಥಪ್ಪನೂ ರಂಭಾಬಾಯಿಯೂ ಜಗತ್ತು ನೋಡಲು ಹೊರಟರು. ನಮ್ಮ ಹೆಸರುಗಳ ಅರ್ಥ ಹಡಗಿನವರಿಗೆ ತಿಳಿಯದ್ದು ಪುಣ್ಯ. ತಿಳಿದಿದ್ದರೆ, ನನ್ನ ಹೊಟ್ಟೆಯ ಸುತ್ತಳತೆ ನೋಡಿ ಅವರಿಗೆ ನಮ್ಮ ಪುರಾಣಗಳ ಮೇಲಿನ ನಂಬಿಕೆಯೇ ಹೋಗುತ್ತಿತ್ತು.

ಹೊರಡುವ ಮುನ್ನ ಗುಂಜೋಟಿಯ ಮಠಕ್ಕೆ ಹೋಗಿ ರಾಚಯ್ಯಸ್ವಾಮಿಗಳ ಪಾದಕ್ಕೆರಗಿದೆವು. ಅರ್ಧ ಊರು ಕೂಡಿತ್ತು. ಸ್ವಾಮಿಗಳು ವಿಭೂತಿ ಹಚ್ಚಿ ಒಂದೇ ಮಾತು ಹೇಳಿದರು.

"ಸಮುದ್ರ ದಾಟ್ತಿ, ದಾಟು ಮನ್ಮಥಪ್ಪಾ. ಸೋಮವಾರ ಮಾತ್ರ ಬಿಡಬ್ಯಾಡ. ಬಿಟ್ಟಿ ಅಂದ್ರ ಹೊಳ್ಳಿ ಬಂದು ಮಠದ ಪಂಗ್ತ್ಯಾಗ ಕೂಡಬ್ಯಾಡ."

ನಮ್ಮ ಮನೆಯಲ್ಲಿ ಸೋಮವಾರವೆಂದರೆ ಇಡೀ ದಿನ ಉಪವಾಸ. ಹೊತ್ತು ಮುಳುಗಿದ ಮೇಲೆ ನಮ್ಮವ್ವ ದೀಪ ಹಚ್ಚುವಳು. ಆಮೇಲೆ ಲಿಂಗಪೂಜೆ ಮಾಡಿ, ಒಂದೇ ಊಟ. ನಮ್ಮಪ್ಪ, ನಮ್ಮಜ್ಜ ಯಾರೂ ತಪ್ಪಿದವರಲ್ಲ. ಸ್ವಾಮಿಗಳಿಗೆ ಆಗಲಿ ಅಜ್ಜಾರ ಎಂದು ತಲೆಬಾಗಿ ಬಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ನಾನು ವಕೀಲ. ಅರ್ಧ ಊರು ಎದುರಿಗಿತ್ತು. ಎದ್ದು ನಿಂತೆ, ಕೋಟಿನ ಗುಂಡಿ ಹಾಕಿಕೊಂಡೆ, ಕೈ ಎತ್ತಿದೆ.

"ಸೂರ್ಯ ಮುಣಗೂದು ಕಣ್ಣಾರೆ ನೋಡೂತನಕ ತುತ್ತು ಮುಟ್ಟಂಗಿಲ್ಲ. ಅದಕ್ಕ ಇಕೀನೇ ಸಾಕ್ಷಿ."

'ಕಣ್ಣಾರೆ' ಎಂಬ ಶರತ್ತನ್ನು ನನ್ನಿಂದ ಯಾರೂ ಕೇಳಿರಲಿಲ್ಲ. ಕಾಗದಪತ್ರಗಳಲ್ಲಿ ಒಂದು ಮಾತು ಹೆಚ್ಚಿಗೆ ಸೇರಿಸುವ ಚಟ ನಾಲಿಗೆಗೂ ಹತ್ತಿತ್ತು, ಅಷ್ಟೇ. ಸಾಕ್ಷಿ ಮಾತ್ರ ಗಟ್ಟಿ: ರಂಭಾಬಾಯಿ ಸುಳ್ಳಾಡುವುದಿಲ್ಲ ಎಂಬುದು ಗುಂಜೋಟಿಯ ಎತ್ತುಗಳಿಗೂ ಗೊತ್ತು. ಜನ ತಲೆದೂಗಿದರು. ಆ ಗದ್ದಲದಲ್ಲಿ ಆಕೆ ಸ್ವಾಮಿಗಳ ಹತ್ತಿರ ಬಗ್ಗಿ ಏನೋ ಕೇಳಿದಳು, ಅವರೂ ಏನೋ ಹೇಳಿದರು. ವಿಭೂತಿ ಉಂಡೆ ಕೇಳಿರಬೇಕು ಎಂದುಕೊಂಡೆ.

ಮನೆಗೆ ಬಂದವಳೇ ಟ್ರಂಕಿನಲ್ಲಿ ಎರಡು ಡಬ್ಬಿ ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾದ ಹಿಂಡಿ, ಅಂದರೆ ಚಟ್ನಿಪುಡಿ, ತುಂಬಿ, ನಡುವೆ ಸೀರೆಯಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿರುತ್ತಿದ್ದ ನಮ್ಮ ಗಡಿಯಾರವನ್ನೂ ಇಟ್ಟಳು. ಸೊಲ್ಲಾಪುರದಲ್ಲಿ ಕೊಂಡ ಗಡಿಯಾರ ಅದು, ಕುಂಬಳಕಾಯಿಯಷ್ಟು ತೂಕ. ಹಡಗಿನಲ್ಲಿ ಹೆಜ್ಜೆಗೊಂದು ಗಡಿಯಾರವಿರುತ್ತದೆ ಎಂದರೂ ಕೇಳಲಿಲ್ಲ.

ಹಡಗು ಪಶ್ಚಿಮಕ್ಕೆ ಹೋದಂತೆ ಗಡಿಯಾರಗಳ ಮುಳ್ಳನ್ನು ಹಿಂದಕ್ಕೆ ತಿರುಗಿಸಬೇಕು. ನಾನು ನನ್ನ ಜೇಬಿನ ಗಡಿಯಾರವನ್ನು ದಿನವೂ ಠೀವಿಯಿಂದ ತಿರುಗಿಸುತ್ತಿದ್ದೆ. ರಂಭಾಬಾಯಿ ಆ ಕುಂಬಳಕಾಯಿಗೆ ಬೆಳಿಗ್ಗೆ ಕೀಲಿ ಕೊಡುವಳೇ ಹೊರತು ಮುಳ್ಳು ಮುಟ್ಟಲೊಲ್ಲಳು. ಕಲಿಸಿಕೊಡುತ್ತೇನೆಂದರೆ, "ಇರಲಿ ಬಿಡ್ರಿ, ಅದರ ಪಾಡಿಗಿ ಅದು ನಡಿಲತ್ತದ" ಎನ್ನುವಳು. ನಾನು ನಕ್ಕೆ. ವಕೀಲರ ಕೋಣೆಗೆ ಇನ್ನೊಂದು ಪುರಾವೆ ಸಿಕ್ಕಿತು.

ಅದಕ್ಕಿಂತ ದೊಡ್ಡ ಪುರಾವೆ ಸೋಮವಾರಗಳಂದು ಸಿಗುತ್ತಿತ್ತು. ಏಡನ್ ಬಂದರಿನಲ್ಲಿ ನಾನು ಸೂರ್ಯ ಮುಳುಗುವುದನ್ನು ಕಾಯುತ್ತ ಕಟಕಟೆ ಹಿಡಿದು ನಿಂತಿದ್ದರೆ, ಆಕೆ ನಾಲ್ಕೂವರೆಗೇ ದೀಪ ಹಚ್ಚಿ, ಪೂಜೆ ಮುಗಿಸಿ, ಉಂಡು ಕೈ ತೊಳೆದಿದ್ದಳು. ಲಂಡನ್ನಿನಲ್ಲಿ ಉಂಡದ್ದು ಮಧ್ಯಾಹ್ನ ಒಂದೂವರೆಗೆ! ದೇಶ ದೂರವಾದಂತೆ ಹೆಂಗಸಿನ ನಿಷ್ಠೆ ಸಡಿಲಾಗುತ್ತಿದೆ ಎಂದು ಮರುಗಿದೆ. ಆದರೂ ದೊಡ್ಡ ಮನಸ್ಸು ಮಾಡಿ, ಸ್ವಾಮಿಗಳೆದುರು ಆಕೆಯ ವಿಷಯ ಎತ್ತಬಾರದೆಂದು ನಿಶ್ಚಯಿಸಿದೆ. ಅಂಥ ಉದಾರಿ ನಾನು.

ನಾರ್ವೆಯ ವರ್ಣನೆ ನನ್ನಿಂದಾಗದು. ಅಲ್ಲಿ ಸಮುದ್ರ ತನ್ನ ಜಾಗದಲ್ಲಿ ಇರುವುದಿಲ್ಲ. ನಮ್ಮೂರ ಸಂದಿಯಲ್ಲಿ ಜೋಳದ ಕಣಿಕೆ ಹೇರಿದ ಬಂಡಿ ನುಗ್ಗಿದ ಹಾಗೆ ಗುಡ್ಡಗಳ ನಡುವೆ ಹತ್ತಾರು ಹರಿದಾರಿ ಒಳಗೆ ನುಗ್ಗಿರುತ್ತದೆ. ಅದಕ್ಕೆ ಫಿಯೋರ್ಡ್ ಎನ್ನುತ್ತಾರೆ. ಎರಡೂ ಕಡೆ ಆಕಾಶಕ್ಕೆ ಹೋದ ಬಂಡೆ, ತಲೆಯ ಮೇಲೆ ಹಿಮ, ಮೈಮೇಲೆ ಬಿಳಿ ನೂಲಿನಂಥ ನೀರಿನ ಧಾರೆಗಳು. ರಂಭಾಬಾಯಿ ಬಹಳ ಹೊತ್ತು ನೋಡಿ, ಇಷ್ಟು ನೀರು ಇಟ್ಟುಕೊಂಡು ಈ ಜನ ಒಂದು ಹೊಲ ಮಾಡಿಲ್ಲವಲ್ಲ ಎಂದಳು.

ಹಡಗು ಇನ್ನೂ ಉತ್ತರಕ್ಕೆ ಹೋಯಿತು. ಸೋಮವಾರ ಬಂತು.

ಆಕೆ ಮಧ್ಯಾಹ್ನ ಎರಡೂವರೆಗೆ ಉಂಡಳು. ಲಂಡನ್ನಿಗಿಂತ ಒಂದು ತಾಸು ತಡ. ಸ್ವಲ್ಪ ಸುಧಾರಿಸಿದಳೆಂದು ಸಮಾಧಾನಪಟ್ಟೆ. ನಾನು ಏಳಕ್ಕೆ ಮಡಿಯುಟ್ಟು ಮೇಲೆ ಬಂದು ಕುಳಿತೆ. ಏಳಾಯಿತು, ಎಂಟಾಯಿತು. ಸೂರ್ಯ ನಮ್ಮಲ್ಲಿ ಆರು ಗಂಟೆಗೆ ಇರುವ ಎತ್ತರದಲ್ಲಿ ಆರಾಮಾಗಿ ಕುಳಿತಿದ್ದ. ಎಂಟೂವರೆಗೆ ಹೊಟ್ಟೆಯ ಒಳಗಿನಿಂದ ಅರ್ಜಿಗಳು ಬರತೊಡಗಿದವು. ಕಪ್ತಾನನ ಹತ್ತಿರ ಹೋಗಿ ನನ್ನ ಹರಕು ಇಂಗ್ಲಿಷಿನಲ್ಲಿ, ಸೂರ್ಯ ಎಷ್ಟಕ್ಕೆ ಮುಳುಗುತ್ತಾನೆ ಎಂದು ಕೇಳಿದೆ. ಆತ ಒಂದು ಪುಸ್ತಕ ತೆರೆದು, ಬೆರಳಿಟ್ಟು ನೋಡಿ, ಇನ್ನು ಮೂವತ್ತೆರಡು ದಿನಕ್ಕೆ ಎಂದ.

ಆತ ತಮಾಷೆ ಮಾಡುತ್ತಿರಲಿಲ್ಲ. ಆ ಸೀಮೆಯಲ್ಲಿ ಬೇಸಿಗೆಯ ಎರಡು ತಿಂಗಳು ಸೂರ್ಯ ಮುಳುಗುವುದೇ ಇಲ್ಲವಂತೆ.

ನಾನು ಕಂಬ ಹಿಡಿದು ನಿಂತೆ. ಉಂಡರೆ ಮಠದ ಪಂಗ್ತಿ ಹೋಯಿತು. ಅಪ್ಪ ಅಜ್ಜ ಕುಳಿತ ಮಣೆ ಹೋಯಿತು. ಉಣ್ಣದಿದ್ದರೆ ನಾನೇ ಹೋದೆ. ಸುಳ್ಳು ಹೇಳೋಣವೆಂದರೆ ಸಾಕ್ಷಿಯನ್ನು ನಾನೇ ಹಾಕಿಕೊಂಡಿದ್ದೆ. ಆದರೆ ಇಪ್ಪತ್ತು ವರ್ಷ ವಕೀಲಿ ಮಾಡಿದವನಿಗೆ ದಾರಿ ಇಲ್ಲದ ಕಾನೂನು ಯಾವುದಿದೆ?

ಆಗಲೇ ಹಡಗು ಒಂದು ಇಕ್ಕಟ್ಟಾದ ಫಿಯೋರ್ಡಿನೊಳಗೆ ತಿರುಗಿತು. ಸೂರ್ಯ ಗುಡ್ಡದ ಹಿಂದೆ ಹೋದ. ನೆರಳು ಬಿತ್ತು. ಗುಂಜೋಟಿಯಲ್ಲೂ ಸೂರ್ಯ ಮುಳುಗುವುದು ಯಾವುದೋ ದಿಬ್ಬದ ಹಿಂದೆಯೇ ತಾನೆ? ಓಡಿಹೋಗಿ ಪಣತಿ, ರೊಟ್ಟಿ, ಹಿಂಡಿ ತಂದೆ. ದೀಪ ಹಚ್ಚಿ, ಪೂಜೆ ಮುಗಿಸಿ, ತುತ್ತು ಬಾಯಿಯ ಹತ್ತಿರ ಒಯ್ದೆ. ಹಡಗು ತಿರುವು ತೆಗೆದುಕೊಂಡಿತು. ಗುಡ್ಡ ಸರಿಯಿತು. ಸೂರ್ಯ ನೇರ ನನ್ನ ತಟ್ಟೆಗೆ ಬಿದ್ದ.

ತುತ್ತು ಕೆಳಗಿಟ್ಟು ದೀಪ ಶಾಂತ ಮಾಡಿದೆ. ಇನ್ನೊಂದು ಗುಡ್ಡ ಬಂತು. ದೀಪ, ಪೂಜೆ, ತುತ್ತು, ತಿರುವು, ಸೂರ್ಯ. ಮೂರನೆಯ ಸಲಕ್ಕೆ ಸುತ್ತಲೂ ಬಿಳಿಯ ದೊರೆಗಳು, ದೊರೆಸಾನಿಯರು ಕುರ್ಚಿ ತಂದು ಹಾಕಿಕೊಂಡಿದ್ದರು. ನನ್ನ ಕೈ ಮೇಲೆದ್ದಾಗ ಅವರ ಕುತ್ತಿಗೆಯೂ ಮೇಲೇಳುತ್ತಿತ್ತು. ಇಳಿದಾಗ ಅಯ್ಯೋ ಎನ್ನುವಂಥ ಒಂದು ಸದ್ದು ಬರುತ್ತಿತ್ತು. ಅವರು ಪರ್ವತ ನೋಡುವುದನ್ನೇ ಬಿಟ್ಟಿದ್ದರು.

ಹತ್ತೂವರೆಗೆ ನನಗೆ ಮಹಾ ಉಪಾಯ ಹೊಳೆಯಿತು. ಸೂರ್ಯ ಮುಳುಗದಿದ್ದರೆ ಬೇಡ. ರಾತ್ರಿಯನ್ನು ನಾನೇ ತಯಾರಿಸಬಹುದು. ಊರಿನ ಕರಿ ಕಂಬಳಿ ತಂದು, ತಲೆಯಿಂದ ಕಾಲಿನವರೆಗೆ ಹೊದ್ದು, ದೀಪವನ್ನೂ ತಟ್ಟೆಯನ್ನೂ ಒಳಗೆ ಸೇರಿಸಿಕೊಂಡು ಕುಳಿತೆ. ಆಹಾ, ಎಂಥ ಕತ್ತಲೆ! ಅಪ್ಪಟ ಗುಂಜೋಟಿಯ ಕತ್ತಲೆ. ಭಕ್ತಿಯಿಂದ ಕಣ್ಣು ಮುಚ್ಚಿದೆ. ಪೂಜೆ ಅರ್ಧಕ್ಕೆ ಬಂದಿರಬೇಕು, ಕುರಿ ಸುಟ್ಟ ವಾಸನೆ ಬಂತು. ಲಿಂಗಪೂಜೆಯ ಹೊತ್ತಿಗೆ ಎಂಥ ಅಪಚಾರ, ಯಾರೋ ಅಡುಗೆಮನೆಯಲ್ಲಿ ಕುರಿ ಹುರಿಯುತ್ತಿದ್ದಾರೆ ಎಂದು ಸಿಡುಕಿದೆ. ಹುರಿಯುತ್ತಿದ್ದುದು ನನ್ನ ಕಂಬಳಿ.

ಗಂಟೆ ಬಡಿಯಿತು. ಬೂಟುಗಳು ಓಡಿಬಂದವು. ಹೊಗೆ ಬಿಡುತ್ತ ತಾನಾಗಿ ಪಿಸುಗುಡುವ ಕರಿ ಗುಡ್ಡೆಯೊಂದನ್ನು ಕಂಡು ಹಡಗಿನ ಖಲಾಸಿಗಳು ಹಿಂದೆಮುಂದೆ ನೋಡಲಿಲ್ಲ. ನಾಲ್ಕು ಬಕೀಟು, ಹಿಮ ಕರಗಿದ ನೀರು.

ಕಂಬಳಿ ತೆಗೆದಾಗ ನಾನು ಕೋಳಿಮರಿಯಂತೆ ಕುಳಿತಿದ್ದೆ. ರೊಟ್ಟಿ ಅಂಬಲಿಯಾಗಿತ್ತು. ಸೂರ್ಯ ಎದುರಿಗೇ ಇದ್ದ, ಕುರ್ಚಿ ಹಾಕಿಕೊಂಡವರ ಪೈಕಿ ಒಬ್ಬನಂತೆ.

ಕೋಣೆಗೆ ಬಂದೆ. ರಂಭಾಬಾಯಿ ತಲೆ ಒರೆಸಿದಳು, ಒಣ ಧೋತರ ಕೊಟ್ಟಳು, ರೊಟ್ಟಿಯ ಡಬ್ಬಿ ತೆಗೆದಳು. ಆಮೇಲೆ ಕುಂಬಳಕಾಯಿಯನ್ನು ನನ್ನ ಮುಖದೆದುರು ಹಿಡಿದಳು.

"ಸಣ್ಣ ಮುಳ್ಳು ಮೂರು ದಾಟ್ಯಾದ, ದೊಡ್ಡದು ಆರರ ಮ್ಯಾಲ ಅದ. ಮೂರೂವರಿ. ಇದು ನಮ್ಮ ಮನಿ ಹೊತ್ತು. ಊರಾಗ ಇನ್ನ ಸ್ವಲ್ಪಕ್ಕ ಕೋಳಿ ಕೂಗ್ತದ. ನಿಮ್ಮ ಸೋಮವಾರ ಆವಾಗೇ ಮುಗದದ, ಉಣ್ರಿ."

ನಾನು ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದೆ. "ಮತ್ತ ನೀ ಹಗಲ ಹೊತ್ನ್ಯಾಗ..."

"ಏಳಕ್ಕ ಅತ್ತೆವ್ವ ಅಲ್ಲಿ ದೀಪ ಹಚ್ಚತಾಳ. ನಾ ಇಲ್ಲಿ ಹಚ್ಚತೀನಿ. ಮಾಡ ಮುಸುಕಿ ಸೂರ್ಯ ಕಾಣದಿದ್ರ, ಹೊತ್ತು ತಿಳೀದಿದ್ರ ಏನ್ ಮಾಡಬೇಕು ಅಂತ ಮಠದ ಅಜ್ಜಾರಿಗಿ ಕೇಳಿದ್ನಿ. ಮನಿ ದೀಪದ ಹೊತ್ತು ಹಿಡಿ ತಂಗಿ ಅಂದ್ರು. ಆವಾಗ ನೀವು ಕೈ ಎತ್ತಿ ಭಾಷಣ ಮಾಡ್ಲತ್ತಿದ್ರಿ."

ಏಡನ್ನಿನ ನಾಲ್ಕೂವರೆ, ಲಂಡನ್ನಿನ ಒಂದೂವರೆ, ಇಂದಿನ ಎರಡೂವರೆ ಒಂದೊಂದಾಗಿ ನನ್ನ ಮುಂದೆ ಬಂದು ನಿಂತವು. ಆ ಮೂರೂ ಹೊತ್ತಿನಲ್ಲಿ ಆ ಕುಂಬಳಕಾಯಿಯಲ್ಲಿ ಏಳೇ ಆಗಿತ್ತು. ಇಡೀ ಪಯಣದಲ್ಲಿ ಆಕೆಯ ಒಂದು ಸೋಮವಾರವೂ ತಪ್ಪಿರಲಿಲ್ಲ. 'ಕಣ್ಣಾರೆ' ಎಂಬ ಶರತ್ತು ನನ್ನದೇ ಹೊರತು ಸ್ವಾಮಿಗಳದ್ದಲ್ಲ. ಪಂಗ್ತಿಯಲ್ಲಿ ನನ್ನ ಮಣೆ ಉಳಿದದ್ದೂ ಈಗ ಆಕೆಯ ಸಾಕ್ಷಿಯಿಂದಲೇ.

ಇಲ್ಲಿಗೆ ಸುಮ್ಮನಾಗಿ ಉಣ್ಣಬೇಕಿತ್ತು. ಆದರೆ ಸೋತ ದಾವೆಯಲ್ಲೂ ಕೊನೆಗೊಂದು ಸವಾಲು ಹಾಕದೆ ವಕೀಲನಿಗೆ ಎದೆ ಹಗುರಾಗುವುದಿಲ್ಲ. ರೊಟ್ಟಿ ಮುರಿದ ಕೈಯನ್ನೇ ಎತ್ತಿ, ಹುಬ್ಬು ಗಂಟಿಕ್ಕಿ ಕೇಳಿದೆ:

"ಅದೆಲ್ಲಾ ಖರೆ. ಆದ್ರ ಇಲ್ಲಿ ಕುಂತು, ನಿನ್ನಿ ಗುಂಜೋಟ್ಯಾಗ ಹೊತ್ತು ಮುಣಗೇದ ಅನ್ಲಿಕ್ಕ ಪುರಾವಾ ಏನು?"

ರಂಭಾಬಾಯಿ ಹಿಂಡಿಯ ಡಬ್ಬಿ ನನ್ನ ಕಡೆ ಸರಿಸಿದಳು.

"ನಮ್ಮ ಎಮ್ಮಿ ಮನಿಗಿ ಬಂದಿರ್ತದ. ಅದು ವಕೀಲಿ ಓದಿಲ್ಲ."