ಬೆಳ್ಳಿಬೆತ್ತದ ಧಣಿಯ ಕಣ್ಣು

ಆ ದಿನದ ರಗಳೆಗೆಲ್ಲ ಮೂಲ ಎರಡು ಕಣ್ಣು. ಅದೂ ಬದುಕಿರುವ ಮನುಷ್ಯನದ್ದಲ್ಲ, ಹಳೇ ಸಿನಿಮಾದ ಖಳನಾಯಕನದ್ದು.

ಬೆಳ್ಳಿಬೆತ್ತದ ಧಣಿ ಅಂದರೆ ತನ್ನ ನೆರಳು ಹಿಂದೆ ಬಂದರೂ ತಿರುಗಿ ನಿಂತು "ಯಾರೋ ಅದು" ಅನ್ನುವ ಆಸಾಮಿ. ನಮ್ಮ ಚಿತ್ರಗಾರ ವಾರಗಟ್ಟಲೆ ಕೂತು ಆ ಧಣಿಯನ್ನು ಟ್ಯಾಬ್ಲೆಟ್ಟಿನ ಮೇಲೆ ಬರೆದಿದ್ದ. ಮೀಸೆಯ ಕೂದಲು ಎಣಿಸಬಹುದಿತ್ತು, ಬೆತ್ತದ ಹೊಳಪಿನಲ್ಲಿ ತಲೆ ಬಾಚಿಕೊಳ್ಳಬಹುದಿತ್ತು. ಆದರೂ ಬೆಳಗ್ಗೆ ಬೆಳಗ್ಗೆ ಚಿತ್ರಮಂದಿರದ ಮ್ಯಾನೇಜರ್ ಫೋನು ಮಾಡಿ ರಾಗ ಎಳೆದ.

"ಎಲ್ಲಾ ಸರಿ ಸ್ವಾಮಿ, ಕಣ್ಣು ಮಾತ್ರ ಬಸ್ಸಿಗೆ ಕಾಯೋರ ಕಣ್ಣು. ಸಂಶಯ ಎಲ್ರೀ ಇದೆ ಇದರಲ್ಲಿ? ಇವತ್ತು ಸರಿಮಾಡಿ ಕಳ್ಸಿ. ಇಲ್ಲಾಂದ್ರೆ ಗೋಡೆಗೆ ಸುಣ್ಣ ಬಳಿಸಿ ಸುಮ್ನಾಗ್ತೀನಿ."

ಗೋಡೆ ಅಂದರೆ ಚಿತ್ರಮಂದಿರದ ಮುಂದಿನ ದೊಡ್ಡ ಗೋಡೆ. ಅದರ ತುಂಬ ಹಳೇ ಸಿನಿಮಾಗಳ ಪಾತ್ರಗಳ ಮುಖ ಬರಬೇಕಿತ್ತು. ಅಷ್ಟೂ ಮುಖ ಚಿತ್ರಗಾರನಿಗೇ ಸಿಕ್ಕರೆ ಒಂದು ವರ್ಷ ತಲೆನೋವಿಲ್ಲ. ಸಿಗದಿದ್ದರೆ ಮಾರನೇ ದಿನದಿಂದಲೇ ಭಾವಮೈದನ ಪೈಪ್ ಅಂಗಡಿಯಲ್ಲಿ ಕೂರಬೇಕು ಅಂತ ಹೆಂಡತಿ ಹೇಳಿಯಾಗಿತ್ತು. ಭಾವಮೈದ ಒಳ್ಳೆಯವನೇ, ಆದರೆ ಮದುವೆ ಮನೆಯಲ್ಲೂ ಪೈಪಿನ ಮಾತೇ ಆಡುವವನು. ಅವನ ಜೊತೆ ಇಡೀ ದಿನ ಕೂರುವುದನ್ನು ನೆನೆದೇ ಚಿತ್ರಗಾರ ಕೆಲಸಕ್ಕೆ ಇಳಿದ.

ಮೊದಲು ಕನ್ನಡಿ ಮುಂದೆ ನಿಂತು ತಾನೇ ಸಂಶಯಪಟ್ಟು ನೋಡಿದ. ಕಂಡದ್ದು ಸಂಶಯವಲ್ಲ, ಅಜೀರ್ಣ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಇನ್ನು ಊರವರ ಮುಖವೇ ಗತಿ ಅಂತ ಟ್ಯಾಬ್ಲೆಟ್ಟು ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದ.

ಕೆಳಮನೆ ಅಜ್ಜಿ ಬಾಗಿಲಲ್ಲಿ ಕೂತು ಒಗೆದ ಬಟ್ಟೆ ಮಡಿಸುತ್ತಿತ್ತು. ಇವನು ಕಂಬದ ಮರೆಯಲ್ಲಿ ನಿಂತು ಕಳ್ಳನ ಹಾಗೆ ಇಣುಕಿದ.

"ಯಾಕಪ್ಪಾ, ಹೊಟ್ಟೆನೋವಾ? ಬಾ, ಬಿಸಿನೀರು ಕಾಯಿಸಿಕೊಡ್ತೀನಿ," ಅಂದಿತು ಅಜ್ಜಿ. ಕಣ್ಣಿನ ತುಂಬ ಕರುಣೆ. ಬೇಡದಾಗ ಊರೆಲ್ಲ ಸಂಶಯ, ಬೇಕಾದಾಗ ಒಂದು ಚಿಟಿಕೆಯೂ ಸಿಗುವುದಿಲ್ಲ.

ಹೀಗಾದರೆ ಆಗದು ಅಂತ ಪಕ್ಕದ ಮನೆ ಮೇಷ್ಟ್ರ ಸ್ಕೂಟರ್ ಹತ್ತಿರ ಹೋಗಿ ಬೀಗ ಅಲ್ಲಾಡಿಸಿದ. ಮೇಷ್ಟ್ರು ಮಹಡಿಯಿಂದ ಬಗ್ಗಿ ನೋಡಿದರು. ನೋಟ ಚೆನ್ನಾಗಿಯೇ ಇತ್ತು, ಆದರೆ ಅವರ ಕನ್ನಡಕದ ಮೇಲೆ ಬಿಸಿಲು ಬಿದ್ದು ಇವನಿಗೆ ಕಂಡದ್ದು ಎರಡು ಬಿಳೀ ತಟ್ಟೆ ಮಾತ್ರ. ಅಲ್ಲಿಂದ ಎದುರುಮನೆ ಟೈಲರಮ್ಮನ ಕಿಟಕಿಗೆ ಬಂದ.

"ಏನ್ ಬೇಕಾಗಿತ್ತು?" ಟೈಲರಮ್ಮ ಹೊಲಿಗೆ ನಿಲ್ಲಿಸಿದಳು.

"ಏನಿಲ್ಲ, ಸುಮ್ನೆ ನಿಮ್ಮ ಮುಖ ನೋಡೋಣಾಂತ."

ಟೈಲರಮ್ಮನ ಕಣ್ಣು ಕಿರಿದಾಯಿತು. ಬಂತು, ಬಂತು ಅಂತ ಇವನು ಟ್ಯಾಬ್ಲೆಟ್ಟು ತೆಗೆಯುವಷ್ಟರಲ್ಲಿ ಕಿಟಕಿಯ ಪರದೆ ಸರ್ರನೆ ಮುಚ್ಚಿತು.

ಮಧ್ಯಾಹ್ನದ ಹೊತ್ತಿಗೆ ಮೂವರೂ ಮೆಟ್ಟಿಲ ಬಳಿ ಸೇರಿದರು. "ಕಳ್ಳತನಕ್ಕೆ ಹೊಂಚು ಹಾಕ್ತಿದ್ದಾನೆ, ಬೀಗ ಮುಟ್ಟಿದ್ದನ್ನ ಕಣ್ಣಾರೆ ನೋಡಿದೀನಿ," ಅಂದರು ಮೇಷ್ಟ್ರು.

"ಬೀಗದ ಕಳ್ಳ ಕಿಟಕಿ ಹತ್ರ ಬಂದು ಹೆಂಗಸರ ಮುಖ ಯಾಕೆ ನೋಡ್ತಾನೆ?" ಅಂದಳು ಟೈಲರಮ್ಮ.

"ನಾನು ಹೊಟ್ಟೆನೋವು ಅಂದ್ಕೊಂಡಿದ್ದೆ ಕಣ್ರೇ. ಈ ವಯಸ್ಸಲ್ಲಿ ನನ್ನನ್ನೂ ಬಿಡ್ಲಿಲ್ವಲ್ಲ," ಅಂತ ಅಜ್ಜಿ ಸೆರಗು ಸರಿಮಾಡಿಕೊಂಡಿತು. ಅಷ್ಟರಲ್ಲಿ ಹೆಂಡತಿ ಕೆಲಸದಿಂದ ಬಂದಳು. ಮೂವರೂ ಒಂದಕ್ಕೆರಡು ಸೇರಿಸಿ ಹೇಳಿ, ಮುಂದೇನಾಗುತ್ತೆ ನೋಡೋಣ ಅಂತ ಹಿಂದೆಯೇ ಮೆಟ್ಟಿಲು ಹತ್ತಿದರು.

ಹೆಂಡತಿ ಹೆಗಲ ಚೀಲವನ್ನೂ ಇಳಿಸದೆ ಬಾಗಿಲಲ್ಲಿ ನಿಂತಳು. ಒಂದು ಹುಬ್ಬು ಮೇಲೆ ಹೋಗಿ ಅಲ್ಲೇ ಉಳಿಯಿತು. ರೆಪ್ಪೆ ಅರ್ಧ ಇಳಿಯಿತು. ನೋಟ ಇವನ ಮುಖದಿಂದ ಜೇಬಿಗೆ, ಜೇಬಿನಿಂದ ಫೋನಿಗೆ, ಫೋನಿನಿಂದ ಮತ್ತೆ ಮುಖಕ್ಕೆ ಬಂತು.

"ಟೈಲರಮ್ಮನ ಕಿಟಕೀಲಿ ಏನ್ರೀ ಕೆಲಸ ನಿಮಗೆ?"

ಬೇರೆ ಗಂಡಸಾಗಿದ್ದರೆ ಕಾಲಿಗೆ ಬೀಳುತ್ತಿದ್ದ. ಇವನು ಪೆನ್ನು ಹಿಡಿದ. "ಹಾಗೇ ಇರು. ಅಲ್ಲಾಡಬೇಡ."

"ಕೇಳಿದ್ದಕ್ಕೆ ಉತ್ತರ ಕೊಡಿ."

ಇವನ ಪೆನ್ನು ಓಡುತ್ತಲೇ ಇತ್ತು. ಉತ್ತರ ಕೊಡದಷ್ಟೂ ನೋಟ ಹದವಾಗಿ ಮಾಗುತ್ತಾ ಹೋಯಿತು. ಅವಳು ಬೈದು ಮುಗಿಸುವಷ್ಟರಲ್ಲಿ ಧಣಿಗೆ ಕಣ್ಣು ಬಂದಿತ್ತು, ಚಿತ್ರ ಮ್ಯಾನೇಜರಿಗೆ ಹೋಗಿಯೂ ಆಗಿತ್ತು. ಹೆಂಡತಿ ಬಂದು ಪರದೆ ನೋಡಿದಳು.

"ಇದು ಹೆಂಗಸಿನ ಕಣ್ಣು. ಯಾರದ್ದು?"

ಅತ್ತ ದರಿ, ಇತ್ತ ಪುಲಿ. ಬೇರೆಯವಳದ್ದು ಅಂದರೆ ಮನೆ ಉಳಿಯುವುದಿಲ್ಲ, ನಿನ್ನದೇ ಅಂದರೆ ಹೆಂಡತಿಯನ್ನು ಖಳನಾಯಕ ಅಂದ ಹಾಗೆ. ಕಣ್ಣು ಮುಚ್ಚಿಕೊಂಡು ನಿಜವನ್ನೇ ಹೇಳಿದ. "ನಿನ್ನದು."

ಬಾಗಿಲಲ್ಲಿದ್ದ ಮೂವರೂ ನುಗ್ಗಿ ಬಂದು ಚಿತ್ರವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಸಾಕ್ಷಾತ್ ನೀನೇ ಕಣೇ," ಅಂದಿತು ಅಜ್ಜಿ. "ಅಳತೆ ತಗೊಂಡು ಹೊಲಿದ ಹಾಗಿದೆ," ಅಂದಳು ಟೈಲರಮ್ಮ. ಬೆಳಗಿನಿಂದ ಆದದ್ದೆಲ್ಲ ಧಣಿಯ ಕಣ್ಣಿಗೋಸ್ಕರ ಅಂತ ಇವನು ಬಾಯಿಬಿಟ್ಟ ಮೇಲೆ ಮೇಷ್ಟ್ರೂ ನಕ್ಕುಬಿಟ್ಟರು.

ಹೆಂಡತಿ ಮಾತ್ರ ನಗಲಿಲ್ಲ. ಚಿತ್ರದ ರೆಪ್ಪೆಯ ಮೂಲೆಯಲ್ಲಿದ್ದ ಸಣ್ಣ ಮಚ್ಚೆ ನೋಡುತ್ತಾ ನಿಂತಳು. "ಮದುವೆ ಆದ್ಮೇಲೆ ನನ್ನ ಕಣ್ಣನ್ನ ನೀವು ನೋಡೇ ಇಲ್ಲ ಅಂದ್ಕೊಂಡಿದ್ದೆ. ಇದನ್ನೂ ಬರೆದಿದೀರಲ್ಲ," ಅಂದಳು. ಚಿತ್ರಗಾರ ಅವಳ ಹೆಗಲ ಚೀಲ ತೆಗೆದು ಕೆಳಗಿಟ್ಟ.

ಆಗಲೇ ಮ್ಯಾನೇಜರ್ ಫೋನು. "ಅಬ್ಬಾ, ಈ ಕಣ್ಣು ನೋಡಿ ನಾನೇ ಜೇಬು ಮುಟ್ಟಿ ನೋಡ್ಕೊಂಡೆ. ನಾಳೆ ಬೆಳಗ್ಗೆ ನಮ್ಮ ಚಿತ್ರಮಂದಿರದ ಯಜಮಾನರು ಬರ್ತಾರೆ, ಜೋಡಿ ಕೇಳ್ತಿದಾರೆ. ಧಣಿ ಪಕ್ಕ ಅವನ ಹೆಂಡ್ತೀನೂ ಇರಬೇಕಂತೆ. ಅವಳು ಸಂಶಯದಲ್ಲಿ ಗಂಡನಿಗಿಂತ ಒಂದು ಕೈ ಮೇಲು, ಮರೀಬೇಡಿ. ಬಂದ್ರೆ ಗೋಡೆ ಪೂರ್ತಿ ನಿಮ್ಮದು. ಬರ್ಲಿಲ್ಲಾಂದ್ರೆ ಒಂಟಿ ಧಣಿ ನಮಗೂ ಬೇಡ."

ಧಣಿಯ ಹೆಂಡತಿಯ ಮುಖ ಗೀಚಿ ಅದಕ್ಕೂ ಅದೇ ಕಣ್ಣು ಅಂಟಿಸಿ ನೋಡಿದ. ಗಂಡ ಹೆಂಡತಿ ಅವಳಿಜವಳಿ ಆದರು. ಹೊಸ ನೋಟವೇ ಬೇಕು. ಚಿತ್ರಗಾರನ ಹೆಂಡತಿ ಖುಷಿಯಿಂದ ಮುಖ ತೊಳೆದು, ತಲೆ ಬಾಚಿ ಎದುರು ಕೂತಳು. ಕಣ್ಣಲ್ಲಿ ಎಳೆಗರುವಿನ ನಂಬಿಕೆ.

"ಸ್ವಲ್ಪ ಸಂಶಯಪಡು."

"ನಿಮ್ಮ ಮೇಲಾ? ಹೇಗ್ರೀ ಬರುತ್ತೆ?"

ಟೈಲರಮ್ಮನನ್ನು ಇನ್ನೊಂದು ಸಲ ನೋಡಿ ಬರುತ್ತೇನೆ ಅಂದ. "ಹೋಗ್ಬನ್ನಿ ಪಾಪ, ಕೆಲಸ ಅಲ್ವಾ," ಅಂದಳು. ತನ್ನ ಫೋನು ಅವಳ ಕೈಗೆ ಸಿಗದ ಹಾಗೆ ಬಚ್ಚಿಟ್ಟ. ಅವಳು ಅದನ್ನು ಕೇಳಲೂ ಇಲ್ಲ. ಕೆಳಗೆ ಹೋಗಿ ಮೇಷ್ಟ್ರ ಬೀಗ ಅಲ್ಲಾಡಿಸಿದರೆ ಮೇಷ್ಟ್ರು ಕನ್ನಡಕ ತೆಗೆದು, ನಗುತ್ತಾ ಮುಖ ಒಡ್ಡಿ ನಿಂತರು. ಅಜ್ಜಿಗಂತೂ ತನ್ನ ಚಿತ್ರ ಯಾವಾಗ ಅನ್ನುವುದೇ ಚಿಂತೆ. ಇಡೀ ಬೀದಿಗೆ ಇವನ ಮೇಲೆ ಭರವಸೆ ಬಂದುಬಿಟ್ಟಿತ್ತು.

ಕೊನೆಗೆ ಗಟ್ಟಿ ಮನಸ್ಸು ಮಾಡಿ ಹೆಂಡತಿಯ ಮುಂದೆ ಅಪ್ಪಟ ನಿಜವೊಂದನ್ನು ಕಕ್ಕಿದ. "ಹೋದ ತಿಂಗಳು ನಿನ್ನ ತಮ್ಮನ ಮನೆ ಊಟಕ್ಕೆ ಜ್ವರ ಅಂತ ಬರ್ಲಿಲ್ವಲ್ಲ, ಜ್ವರ ಇರ್ಲಿಲ್ಲ. ಸಿನಿಮಾಕ್ಕೆ ಹೋಗಿದ್ದೆ."

"ಯಾರ ಜೊತೆ?"

ಹುಬ್ಬು ಒಂದು ಕೂದಲಷ್ಟು ಮೇಲೇರಿತು. ಚಿತ್ರಗಾರ ಪೆನ್ನು ಎತ್ತಿ ಉಸಿರು ಬಿಗಿಹಿಡಿದ. "ಅದನ್ನ ಹೇಳೋಕಾಗಲ್ಲ."

ಹೆಂಡತಿ ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಆಮೇಲೆ ಕಿಸಕ್ಕನೆ ನಕ್ಕು ಅವನ ಕೆನ್ನೆ ಸವರಿದಳು.

"ಒಂದು ಸುಳ್ಳು ಹೇಳೋಕೂ ಬರಲ್ಲ ನಿಮಗೆ. ಹೋಗ್ಲಿ ಬಿಡಿ, ತಲೆ ಕೆಡಿಸ್ಕೋಬೇಡಿ. ಈ ವಿಷಯಾನೆಲ್ಲ ಆಗ್ಲೇ ಫೋನಲ್ಲಿ ತಮ್ಮನಿಗೆ ಹೇಳಿದೆ. ಇಷ್ಟು ನಂಬಿಕಸ್ಥರು ಎಲ್ಲಿ ಸಿಗ್ತಾರೆ, ನಾಳೆಯಿಂದ ಪೈಪ್ ಅಂಗಡಿ ಬೀಗದ ಕೈ ಭಾವನ ಹತ್ರಾನೇ ಇರಲಿ ಅಂದ."