ಸೂಜಿಗೆ ಹೆದರಿದವನ ಏಣಿ

ಭಯಗಳಲ್ಲಿ ಎರಡು ಜಾತಿ: ಮರ್ಯಾದಸ್ಥ ಭಯ, ಮಾನ ಕಳೆಯುವ ಭಯ. ನಮ್ಮ ಹನಗೋಡಿನ ಕಡೆ ಆನೆಗೆ ಹೆದರುವುದು ಮರ್ಯಾದಸ್ಥ ಭಯ. ನಿನ್ನೆ ಜೋಳದ ಹೊಲಕ್ಕೆ ಒಂಟಿ ಸಲಗ ಬಂದಿತ್ತು, ಎದೆ ಡವಡವ ಅಂತು ಎಂದು ಟೀ ಅಂಗಡಿಯಲ್ಲಿ ಹೇಳಿದರೆ ಜನ ಬೆಂಚಿನಲ್ಲಿ ಜಾಗ ಬಿಟ್ಟು ಕೂರಿಸಿಕೊಳ್ಳುತ್ತಾರೆ. ಹಾವು, ಸಿಡಿಲು, ಹೆಂಡತಿಯ ತವರಿನವರು, ಇವೆಲ್ಲ ಹೇಳಿಕೊಳ್ಳಬಹುದಾದ ಭಯಗಳೇ. ನನ್ನದು ಹಾಗಲ್ಲ. ನಾನು ಸೂಜಿಗೆ ಹೆದರುತ್ತೇನೆ. ಗೋಣಿಚೀಲ ಹೊಲಿಯುವ ದಬ್ಬಳಕ್ಕಲ್ಲ, ಆಸ್ಪತ್ರೆಯ ಸೂಜಿಗೆ. ಆಳು ದಪ್ಪಗಿದ್ದೇನೆ, ಮೀಸೆ ಬೇರೆ ಇದೆ, ಆನೆಗೆ ಎದುರಾಗಿ ತಗಡು ಬಡಿದು ನಿಂತವನೂ ಹೌದು. ಆದರೆ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಂದರೆ ಸಾಕು, ಕಾಲುಗಳು ತಾವಾಗಿಯೇ ಬಾಗಿಲ ಕಡೆ ತಿರುಗುತ್ತವೆ. ಹೆದರುವವರ ಮೇಲೆ ಹಾವು ಬಿಟ್ಟರು ಅನ್ನುವ ಹಾಗೆ, ದೇವರು ಇಂಥವನ ಹೊಟ್ಟೆಯಲ್ಲಿ ನರ್ಸ್ ಆಗುತ್ತೇನೆ ಅನ್ನುವ ಮಗಳನ್ನು ಹುಟ್ಟಿಸಿದ.

ಕೊರೊನಾ ಕಾಲದಲ್ಲಿ ನಮ್ಮೂರಿನ ಆಶಾ ಕಾರ್ಯಕರ್ತೆ ಜಯಮ್ಮ ಲಸಿಕೆಯವರನ್ನು ಕರೆದುಕೊಂಡು ಮನೆಮನೆಗೆ ಬಂದರು. ಬೀದಿಯ ತುದಿಯಲ್ಲಿ ಅವರ ನೀಲಿ ಡಬ್ಬಿ ಕಂಡದ್ದೇ ತಡ, ನಾನು ಹಿತ್ತಲಿನ ಬ್ಯಾರನ್ನಿಗೆ ಏಣಿ ಹಾಕಿ ಅಟ್ಟ ಹತ್ತಿಬಿಟ್ಟೆ. ಬ್ಯಾರನ್ ಅಂದರೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ನೇತುಹಾಕಿ, ಕಾವು ಕೊಟ್ಟು ಹದ ಮಾಡುವ ಎತ್ತರದ ಕಟ್ಟಡ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನೆಗಳ ಬೆನ್ನಿಗೆ ಇದು ಇದ್ದೇ ಇರುತ್ತದೆ. ಜಯಮ್ಮ ಕೆಳಗೆ ನಿಂತು, ಸೊಪ್ಪಿನ ಕಾಲವೇ ಬಂದಿಲ್ಲ, ಮೇಲೇನು ಮಾಡುತ್ತಿದ್ದೀರಿ ಗೌಡ್ರೇ ಎಂದು ಕೇಳಿದರು. ಅಟ್ಟದ ಬೊಂಬು ಸಡಿಲವಾಗಿದೆ ಅಂದೆ. ಬೊಂಬು ಗಟ್ಟಿಯಾಗಿಯೇ ಇತ್ತು, ಸಡಿಲವಾಗಿದ್ದದ್ದು ನಾನು. ಕೊನೆಗೆ ಏಣಿ ಹತ್ತಿ ಬಂದವಳು ಆಗ ಒಂಬತ್ತನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಭೂಮಿಕಾ. ಏನೂ ಬಯ್ಯಲಿಲ್ಲ, ನಗಲೂ ಇಲ್ಲ. ಕೈ ಹಿಡಿದು ಇಳಿಸಿ, ಕುರ್ಚಿಯ ಮೇಲೆ ಕೂರಿಸಿ, “ಅಪ್ಪ, ನನ್ ಮುಖ ನೋಡ್ತಾ ಇರು, ಆ ಕಡೆ ನೋಡ್ಬೇಡ” ಅಂದಳು. ನೋಡುತ್ತಾ ಇದ್ದೆ. ಯಾವಾಗ ಚುಚ್ಚಿದರೋ ತಿಳಿಯಲಿಲ್ಲ. ಮಾರನೆಯ ದಿನ ಟೀ ಅಂಗಡಿಯಲ್ಲಿ, ಇರುವೆ ಕಚ್ಚಿದಷ್ಟೂ ಇಲ್ಲ ಬನ್ರೋ ಎಂದು ಬೇರೆಯವರಿಗೆ ಧೈರ್ಯ ಹೇಳಿದ್ದೂ ನಾನೇ.

ಮಕ್ಕಳು ಬಹುಮಾನ ತಂದರೆ ಅಪ್ಪಂದಿರ ಎದೆ ಉಬ್ಬುತ್ತದಂತೆ. ನನ್ನದು ಒಳಗೆ ಕುಸಿಯುತ್ತಿತ್ತು. ಓಟದಲ್ಲಿ ಕಪ್ ತಂದಳು, ಭಾಷಣದಲ್ಲಿ ತಂದಳು, ಅಲ್ಲಿಯವರೆಗೆ ಸರಿ. ಅದೇ ವರ್ಷ ತಾಲ್ಲೂಕು ಮಟ್ಟದ ವಿಜ್ಞಾನ ಪ್ರದರ್ಶನಕ್ಕೆ ಪ್ಲಾಸ್ಟಿಕ್ ಬಾಟಲಿ, ಡ್ರಿಪ್ ಪೈಪು ಸೇರಿಸಿ ಹೃದಯ ಮಾಡಿದಳು. ರಕ್ತಕ್ಕೆ ಕುಂಕುಮ ಕಲಸಿದ ನೀರು. ಬಾಟಲಿ ಅಮುಕಿದರೆ ಆ ಕೆಂಪು ನೀರು ಲೊಚಲೊಚ ಅಂತ ಪೈಪಿನಲ್ಲಿ ಓಡುತ್ತಿತ್ತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನಾನು ಗೋಡೆ ಹಿಡಿದು ಮೆಲ್ಲಗೆ ಬೆಂಚಿನ ಮೇಲೆ ಕುಸಿದೆ. ಅವಳ ಮೇಷ್ಟ್ರು ಪಾಪ ಒಳ್ಳೆಯವರು, ಮಗಳ ಸಾಧನೆ ಕಂಡು ತಂದೆಗೆ ಕಣ್ಣು ತುಂಬಿ ಬಂದಿದೆ ಎಂದು ಮೈಕಿನಲ್ಲೇ ಹೇಳಿಬಿಟ್ಟರು. ತುಂಬಿ ಬಂದಿರಲಿಲ್ಲ ಸ್ವಾಮಿ, ಕತ್ತಲೆ ಬಂದಿತ್ತು. ಮೊದಲ ಬಹುಮಾನದ ಆ ಹೃದಯ ನಮ್ಮ ಷೋಕೇಸಿನಲ್ಲಿ ಕೂತಿದೆ. ನಾನು ಟಿವಿಯನ್ನು ಸ್ವಲ್ಪ ವಾರೆಯಾಗಿ ಕೂತು ನೋಡುತ್ತೇನೆ.

ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಾಗ ಹುಣಸೂರಿನಲ್ಲಿ ಪ್ರತಿಭಾ ಪುರಸ್ಕಾರ ಮಾಡಿದರು. ಶಾಲು, ಹಾರ, ಮೈಸೂರು ಪೇಟ. ಪೇಟ ದೊಡ್ಡವರ ಅಳತೆಯದು, ಮಗಳ ಮೂಗಿನವರೆಗೂ ಇಳಿದಿತ್ತು. ಮುಖ್ಯ ಅತಿಥಿಗಳು ಮುಂದೆ ಡಾಕ್ಟರೋ ಐಎಎಸ್ಸೋ ಎಂದು ಕೇಳಿದರು. ಅವಳು ಪೇಟವನ್ನು ಹಣೆಗೆ ಎತ್ತಿಕೊಂಡು ನರ್ಸ್ ಅಂದಳು. ಅವರು ನಕ್ಕು, ಇಷ್ಟು ಮಾರ್ಕ್ಸ್ ತೆಗೆದು ನರ್ಸಾ ಅಂದರು. ಸಭೆಯೂ ನಕ್ಕಿತು. ಆಗ ಅವಳು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: “ನಮ್ಮಜ್ಜಿ ಸೊಂಟ ಮುರ್ಕೊಂಡು ಮಲ್ಗಿದ್ದಾಗ ಡಾಕ್ಟ್ರು ದಿನಾ ಬಂದು ನೋಡ್ಕೊಂಡು ಹೋಗೋರು ಸರ್. ಅಜ್ಜೀನ ಎಬ್ಬಿಸಿ ನಡೆಸಿದ್ದು ನರ್ಸಕ್ಕ.” ಮುಂದಿನ ಸಾಲಿನಲ್ಲಿ ನಮ್ಮವ್ವ ಕೋಲೂರಿಕೊಂಡು ಎದ್ದು ನಿಂತಳು, ಸಾಕ್ಷಿ ಹೇಳುವವಳ ಹಾಗೆ. ನಗು ನಿಂತಿತು. ನಾನು ಮಾತ್ರ ಕೂತಲ್ಲೇ ಬೆವೆತೆ.

ಅಲ್ಲಿಂದ ಮುಂದೆ ಕಾರಣ ಹುಡುಕುವುದೇ ನನ್ನ ಕಸುಬಾಯಿತು. ಹಾಸ್ಟೆಲ್ ಊಟ ಒಗ್ಗುವುದಿಲ್ಲ ಅಂದೆ, ರಾತ್ರಿ ಪಾಳಿ ಅಂದೆ, ನೆಂಟರು ಏನಂದಾರು ಅಂದೆ. ಹೊಸ ಅಗ್ರಹಾರದಲ್ಲಿರುವ ನನ್ನ ತಂಗಿ ಫೋನಿನಲ್ಲೇ, ಮನೆಗೊಬ್ಬ ನರ್ಸ್ ಇರಬೇಕು ಕಣಣ್ಣ, ಕಳಿಸು ಅಂದುಬಿಟ್ಟಳು. ನೆಂಟರೂ ಕೈಕೊಟ್ಟರು. ನನ್ನ ಹೆಂಡತಿ ರತ್ನ ಅಡುಗೆಮನೆಯಿಂದ ಯಾರಿಗೂ ಅಲ್ಲ ಎನ್ನುವ ಹಾಗೆ, ಕೆಲವರಿಗೆ ಸೂಜಿ ಅಂದರೆ ಭಯವಂತೆ ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ನಾನು ತೋಳು ಮುಟ್ಟಿಕೊಂಡೆ.

ಮಗಳು ಹುಣಸೂರಿನಲ್ಲಿ ಪಿಯುಸಿ ಸೇರಿದಳು. ಅಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟರು, ಬಿಪಿ ನೋಡುವುದನ್ನು ಕಲಿಸಿದರು. ರಜೆಯ ದಿನ ಜಯಮ್ಮನವರ ಜೊತೆ ಕೂತು ಅಂಗನವಾಡಿ ಜಗಲಿಯಲ್ಲಿ ಊರವರಿಗೆ ಬಿಪಿ ನೋಡತೊಡಗಿದಳು. ಯಾರದೋ ಬಿಪಿ ಇಳಿದಿತ್ತು. ಇಳಿಸಿದ್ದು ಮಾತ್ರೆ. ಊರು ಮಾತ್ರ ಗೌಡರ ಮಗಳ ಕೈಗುಣ ಎಂದು ತೀರ್ಮಾನ ಮಾಡಿತು. ಮುಗಿಯಿತಲ್ಲ, ಹಲ್ಲುನೋವಿನವರು, ಕಾಲುಳುಕಿದವರು, ಕೊನೆಗೆ ಮೇವು ಬಿಟ್ಟ ಎಮ್ಮೆಯನ್ನು ಹಿಡಿದುಕೊಂಡವರೂ ಬಂದು ತೋಳು ಚಾಚಿ ಕೂತರು. ಎಮ್ಮೆಯವನನ್ನು ಅವಳು ಪಶು ಆಸ್ಪತ್ರೆಗೆ ಕಳಿಸಿದಳು, ಎಮ್ಮೆಯ ಬೆನ್ನು ಸವರಿ. ಎಮ್ಮೆ ಸಂಜೆಗೆ ಮೇವು ತಿಂದಿತು. ಅದೂ ಕೈಗುಣದ ಲೆಕ್ಕಕ್ಕೇ ಸೇರಿತು.

ಇಡೀ ಊರಿನಲ್ಲಿ ಆ ಕೈಗುಣಕ್ಕೆ ತೋಳು ಕೊಡದವನು ನಾನೊಬ್ಬನೇ. ಬಿಪಿ ಯಂತ್ರಕ್ಕೆ ಸೂಜಿ ಇರುವುದಿಲ್ಲ, ಗೊತ್ತು. ಆದರೆ ಯಂತ್ರ ಏನಾದರೂ ಅಂದರೆ ಮುಂದಿನ ಮೆಟ್ಟಿಲು ರಕ್ತ ಪರೀಕ್ಷೆ ಎನ್ನುವುದೂ ಗೊತ್ತು. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು, ಬ್ಯಾರನ್ನಿನ ಒಲೆ ನೋಡಬೇಕು, ಸೊಪ್ಪಿನ ಬಣ್ಣ ಕೆಟ್ಟೀತು ಎಂದು ಜಾರಿಕೊಳ್ಳುತ್ತಿದ್ದೆ.

ಈಗ ನಿಜವಾದ ಭಯಕ್ಕೆ ಬರುತ್ತೇನೆ. ಬೆಳಗಿನ ಇಬ್ಬನಿಯಲ್ಲಿ ನೆನೆದ ಹೊಗೆಸೊಪ್ಪು ಮುರಿಯುವವರಿಗೆ ತಲೆ ಸುತ್ತುವುದು, ವಾಕರಿಕೆ ಬರುವುದು ನಮ್ಮಲ್ಲಿ ಮಾಮೂಲು. ಸೊಪ್ಪು ತಲೆಗೇರಿತು ಅನ್ನುತ್ತೇವೆ. ಮಜ್ಜಿಗೆಗೆ ನಿಂಬೆಹಣ್ಣು ಹಿಂಡಿ ಕುಡಿದು ನೆರಳಿನಲ್ಲಿ ಮಲಗಿದರೆ ಇಳಿಯುತ್ತದೆ. ಆ ಸಲ ಸೊಪ್ಪಿನ ಕಾಲದಲ್ಲಿ ನನಗೂ ತಲೆ ಸುತ್ತು ಬಂತು, ಎಲ್ಲರ ಹಾಗೆ ಮಜ್ಜಿಗೆ ಕುಡಿದೆ. ಸೊಪ್ಪು ಮುರಿದಾಯಿತು, ಬ್ಯಾರನ್ನಿನಲ್ಲಿ ಬೇಯಿಸಿದ್ದಾಯಿತು, ಹರಾಜಿಗೂ ಹೋಯಿತು. ತಲೆ ಸುತ್ತು ಹೋಗಲಿಲ್ಲ. ಹೊಲದಿಂದ ಬರುವಾಗ ಬದು ಓರೆಯಾದ ಹಾಗೆ ಕಾಣುತ್ತಿತ್ತು, ಕತ್ತಿನ ಹಿಂದೆ ಹಗ್ಗ ಬಿಗಿದ ಹಾಗೆ. ಇನ್ನೂ ಸೊಪ್ಪಿನ ನಂಜು ಇಳಿದಿಲ್ಲ ಎಂದು ಮಜ್ಜಿಗೆ ಕುಡಿದೇ ಕುಡಿದೆ, ಅದೂ ಕೈತುಂಬ ಉಪ್ಪು ಹಾಕಿಕೊಂಡು.

ಒಂದು ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಎದ್ದು ನಿಲ್ಲಲು ಹೋಗಿ ಕಂಬ ಹಿಡಿದುಕೊಂಡೆ. ಯಾರೂ ಕೇಳದಿದ್ದರೂ ಸೊಪ್ಪು ತಲೆಗೇರಿದೆ ಅಂದೆ. ಓದುತ್ತಾ ಕೂತಿದ್ದ ಮಗಳು ತಲೆ ಎತ್ತಿದಳು.

“ಗಿಡವೆಲ್ಲ ಕಿತ್ತಾಯ್ತು ಕಣಪ್ಪ. ಈಗ್ಯಾವ ಸೊಪ್ಪು ನಿನ್ ತಲೆಗೇರ್ತಾ ಅದೆ?”

ಎದುರಿಗಿದ್ದ ಹೊಲದಲ್ಲಿ ಒಂದು ಎಲೆಯೂ ಇರಲಿಲ್ಲ. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವನ ಕೈ ನಿಂತಿತು. ಅವಳು ನನ್ನನ್ನೇ ನೋಡುತ್ತಾ ಮೆಲ್ಲಗೆ, “ನಿಮ್ಮಪ್ಪಂಗೂ ಅಂಗೇ ಅಂದಿದ್ವಿ ಕಣ್ಲಾ ಮಗ” ಅಂದಳು.

ನಮ್ಮಪ್ಪ ಸೊಪ್ಪು ಮುರಿಯುತ್ತಿದ್ದವನು ತಲೆ ಸುತ್ತು ಎಂದು ಬದುವಿನ ಮೇಲೆ ಕೂತ. ಸೊಪ್ಪು ತಲೆಗೇರಿದೆ, ಮಜ್ಜಿಗೆ ತನ್ನಿ ಅಂದರು. ಮಜ್ಜಿಗೆ ತರಲು ಓಡಿದವನು ನಾನು, ಆಗ ಹೈಸ್ಕೂಲು ಹುಡುಗ. ಚೊಂಬು ಹಿಡಿದು ಬರುವಷ್ಟರಲ್ಲಿ ಅಪ್ಪನಿಗೆ ಕುಡಿಯುವ ಬಾಯಿ ಇರಲಿಲ್ಲ. ಇಷ್ಟು ವರ್ಷ ಆ ಸಾವನ್ನು ಸೊಪ್ಪಿನ ತಲೆಗೇ ಕಟ್ಟಿದ್ದೆವು. ಆಗ ಅಪ್ಪನಿಗಿದ್ದ ವಯಸ್ಸೇ ಈಗ ನನಗಿದೆ ಎನ್ನುವುದು ಆ ಕ್ಷಣದಲ್ಲಿ ಹೊಳೆಯಿತು. ಸೂಜಿಯ ಭಯ ಭಯವೇ ಅಲ್ಲ, ಅದರ ಹಿಂದೆ ಅಡಗಿ ಕೂತಿದ್ದದ್ದು ಇದು.

ಮಗಳು ಒಳಗಿನಿಂದ ಬಿಪಿ ಯಂತ್ರ ತಂದಳು. ನಾನು ಬೇಡ ಅನ್ನಲಿಲ್ಲ. ಪಟ್ಟಿ ಸುತ್ತಿ ಗಾಳಿ ತುಂಬಿ, ಕಿವಿಗೆ ಕೊಳವೆ ಇಟ್ಟು ಕೇಳಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಇನ್ನೊಂದು ತೋಳಿಗೂ ಸುತ್ತಿ ನೋಡಿದಳು. ಆಗಲೂ ಕಾಣಲಿಲ್ಲ. ಮುಖ ಬದಲಾಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಎಷ್ಟಿದೆ ಎಂದು ಕೇಳಿದೆ. “ಜಾಸ್ತಿ ಅದೆ ಕಣಪ್ಪ. ಅಳೋವಷ್ಟಿಲ್ಲ, ಸುಮ್ನಿರೋವಷ್ಟೂ ಇಲ್ಲ. ಈಗ್ಲೇ ಹುಣಸೂರಿಗೆ ಹೋಗಾಣ” ಅಂದಳು. ರತ್ನ ಆಗಲೇ ನನ್ನ ಅಂಗಿ ತಂದು ನಿಂತಿದ್ದಳು. ಅಣ್ಣನ ಮಗನ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಗಿಡ ಕಿತ್ತ ಹೊಗೆಸೊಪ್ಪಿನ ಹೊಲಗಳು, ಬೋಳುಬೋಳು. ಯಾವುದನ್ನು ನೋಡಿದರೂ ಬದುವಿನ ಮೇಲೆ ಒಬ್ಬರು ಕೂತಿದ್ದಾರೆ ಅನ್ನಿಸುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿದರು, ಮಾತ್ರೆ ಕೊಟ್ಟು ಮಲಗಿಸಿದರು, ರಕ್ತ ತೆಗೆಯಲು ಹೇಳಿದರು. ನರ್ಸ್ ಟ್ರೇ ಹಿಡಿದು ಬಂದರು. ನನ್ನ ಕಣ್ಣು ಅಟ್ಟವನ್ನು ಹುಡುಕಿತು, ಅಭ್ಯಾಸ ಬಲ ನೋಡಿ, ಏಣಿ ಇದೆಯೇನೋ ಎಂದು. ಮಗಳು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಸಲಗ ಬಂದಾಗ ತಗಡು ಬಡಿದದ್ದು ಯಾವ ಕೈಯಲ್ಲಿ, ಎಡಗೈಯಲ್ಲೋ ಬಲಗೈಯಲ್ಲೋ ಎಂದು ಕೇಳಿದಳು. ನಾನು ಹೇಳುತ್ತಾ ಹೋದೆ. ಸಲಗ ಹಿಂದಿರುಗಿ ಕಾಡು ಸೇರುವಷ್ಟರಲ್ಲಿ ರಕ್ತವೂ ಸೀಸೆ ಸೇರಿತ್ತು. ಬಿಪಿ ಇಳಿಯುತ್ತಾ ಬಂತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ನನಗಲ್ಲ, ಮಗಳಿಗೆ ಹೇಳಿದರು.

ಸಂಜೆ ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ರತ್ನ ಮಾತ್ರೆ ತರಲು ಹೋಗಿದ್ದಳು. ಮಗಳು ನೀರಿನ ಬಾಟಲಿಯ ಮುಚ್ಚಳ ತೆಗೆಯಲು ನೋಡಿದಳು, ಆಗಲಿಲ್ಲ. ನಾನು ಬಾಟಲಿ ಇಸಿದುಕೊಂಡು ತೆಗೆದುಕೊಟ್ಟೆ. ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ನನ್ನ ತೋಳಿಗೆ ಹಣೆ ಇಟ್ಟು ಅತ್ತಳು, ರಕ್ತ ತೆಗೆದ ತೋಳಿಗೇ. ನೋಯುತ್ತಿದ್ದರೂ ತೋಳನ್ನು ಅಲ್ಲೇ ಬಿಟ್ಟೆ. ಇಷ್ಟು ಭಯ ಇಟ್ಟುಕೊಂಡು ಮುಖದ ಮೇಲೆ ಒಂಚೂರೂ ತೋರಿಸಲಿಲ್ಲವಲ್ಲೇ ಎಂದು ಕೇಳಿದೆ.

“ನೀನು ನನ್ ಮುಖಾನೇ ನೋಡ್ತಿದ್ದೆಯಲ್ಲಪ್ಪ” ಅಂದಳು.

ಪಿಯುಸಿ ಮುಗಿದ ಮೇಲೆ ನಾನು ಯಾವ ಕಾರಣವನ್ನೂ ಹುಡುಕಲಿಲ್ಲ. ಮೈಸೂರಿನ ನರ್ಸಿಂಗ್ ಕಾಲೇಜಿಗೆ ಟ್ರಂಕು ಹೊತ್ತವನು ನಾನೇ. ಈಗ ಮನೆಯಲ್ಲಿ ಉಪ್ಪಿನಕಾಯಿ ಜಾಡಿ ಅವ್ವನ ಕಾವಲಿನಲ್ಲಿದೆ, ಸಾರು ಉಪ್ಪಿಲ್ಲದೆ ಕೊಳದ ನೀರಿನ ಹಾಗಿದೆ, ಮಾತ್ರೆ ನುಂಗಿದೆನೇ ಎಂದು ಬೆಳಗ್ಗೆ ಬೆಳಗ್ಗೆಯೇ ಫೋನು ಬರುತ್ತದೆ. ಟೀ ಅಂಗಡಿಯಲ್ಲಿ ಯಾರಾದರೂ ತಲೆ ಹಿಡಿದುಕೊಂಡು ಸೊಪ್ಪು ತಲೆಗೇರಿತು ಅಂದರೆ, ನಾನು ಟೀ ಅಲ್ಲೇ ಬಿಟ್ಟು ಅವರನ್ನು ಜಯಮ್ಮನ ಹತ್ತಿರಕ್ಕೆ ಎಳೆದುಕೊಂಡು ಹೋಗುತ್ತೇನೆ. ಅಂಥ ಧೈರ್ಯವಂತ.

ಮೊನ್ನೆ ಮಗಳು ಫೋನ್ ಮಾಡಿದ್ದಳು. ಇಂಜೆಕ್ಷನ್ ಕೊಡುವುದನ್ನು ಮೊದಲು ಕಿತ್ತಳೆ ಹಣ್ಣಿಗೆ ಚುಚ್ಚಿ ಕಲಿಸುತ್ತಾರಂತೆ, ಆಮೇಲೆ ಮೇಡಮ್ಮಿನ ಎದುರಿಗೆ ರೋಗಿಗಳಿಗಂತೆ. ಅವಳದು ಈಗ ಎರಡನೆಯದೂ ಆಗಿದೆ. ಈ ಭಾನುವಾರ ಊರಿಗೆ ಬರುತ್ತಾಳೆ. ನನ್ನ ರಕ್ತ ಪರೀಕ್ಷೆಯ ದಿನವೂ ಹತ್ತಿರ ಬಂದಿದೆ, ಜಯಮ್ಮನವರ ಜೊತೆ ಆರೋಗ್ಯ ಕೇಂದ್ರದ ಸಿಸ್ಟರೂ ಬರುತ್ತಾರೆ, ಅವರ ಎದುರಿಗೆ ನಾನೇ ತೆಗೀಲಾ ಅಪ್ಪ ಎಂದು ಕೇಳಿದಳು. ಅದಕ್ಕೇನಂತೆ ಮಗಳೇ, ಧಾರಾಳವಾಗಿ ತೆಗಿ ಅಂದೆ. ದನಿ ನಡುಗಲಿಲ್ಲ. ಫೋನ್ ಇಟ್ಟವನು ನೆಟ್ಟಗೆ ಹಿತ್ತಲಿಗೆ ಹೋಗಿ, ಬ್ಯಾರನ್ನಿಗೆ ಒರಗಿಸಿದ್ದ ಏಣಿಯನ್ನು ಹೊತ್ತುಕೊಂಡು ಪಕ್ಕದ ಮನೆಯ ಸಣ್ಣೇಗೌಡನ ಕೊಟ್ಟಿಗೆಯಲ್ಲಿ ಇಟ್ಟು ಬಂದೆ. ಸೋಮವಾರದವರೆಗೆ ನಾನು ಕಾಲಿಗೆ ಬಿದ್ದು ಕೇಳಿದರೂ ಕೊಡಬೇಡ ಎಂದು ಹೇಳಿದ್ದೇನೆ.